ಮರ ಆಮೇಲೆ, ಮೊದಲು ಕೆರೆ

ಬೆಂಗಳೂರಿನಿಂದ ಬಂದ ನೆಂಟರಿಷ್ಟರು ಕಾಳಿಘಾಟ್, ವಿಕ್ಟೋರಿಯಾ ಮೆಮೋರಿಯಲ್, ರಸಗುಲ್ಲ ಎಲ್ಲ ಮುಗಿಸಿ ಕೊನೆಯ ದಿನ ಕೇಳುವ ಪ್ರಶ್ನೆ ಒಂದೇ: "ಶಿಬ್‌ಪುರದಲ್ಲಿ ದೊಡ್ಡ ಆಲದ ಮರ ಇದೆಯಂತಲ್ಲ, ಒಂದು ಗಂಟೆ ಸಾಕಾ?" ಸಾಕು. ಬೇಲಿಯ ಈಚೆ ನಿಂತು ಫೋಟೊ ತೆಗೆಸಿಕೊಳ್ಳುವುದಕ್ಕಾದರೆ ಹತ್ತು ನಿಮಿಷವೂ ಹೆಚ್ಚು. ಸುಮಾರು 270 ಎಕರೆಯ ಆ ಸಸ್ಯತೋಟದಲ್ಲಿ ಬ್ಯಾಟರಿ ಗಾಡಿ ಹತ್ತಿ, ಮರ ಕಂಡಲ್ಲಿ ಇಳಿದು, ಮತ್ತೆ ಹತ್ತಿ ಹೊರಡುವವರಿಗೆ ಈ ಬರಹ ಬೇಡ. ನಡೆಯಲು ತಯಾರಿದ್ದವರು ಮುಂದಕ್ಕೆ ಓದಿ.

ಜೋಧಪುರದಲ್ಲೋ ಬಿಕಾನೇರದಲ್ಲೋ ಉದ್ಯಾನ ನೋಡಲು ಯಾರೂ ಪಾಠ ಹೇಳಬೇಕಿಲ್ಲ. ಮರಳುಗಾಡಿನ ಊರಲ್ಲಿ ಒಂದು ಹಸಿರು ಮಡಿ ಕಂಡರೂ ಸಾಕು, ಇದಕ್ಕೆ ನೀರು ಎಲ್ಲಿಂದ ಬಂತು ಅಂತ ಮಗುವೂ ಕೇಳುತ್ತದೆ. ಕೋಲ್ಕತ್ತದಲ್ಲಿ ಕೇಳಬೇಕಾದ ಪ್ರಶ್ನೆ ತಿರುಗಾಮುರುಗಾ: ಇಲ್ಲಿಯ ನೀರು ಎಲ್ಲಿಗೆ ಹೋಯಿತು? ಇದನ್ನು ಯಾರೂ ಕೇಳುವುದಿಲ್ಲ. ಎಲ್ಲೆಲ್ಲೂ ನೀರೇ ಇರುವ ಊರಲ್ಲಿ ನೀರು ಕಣ್ಣಿಗೆ ಬೀಳುವುದಿಲ್ಲ. ನನ್ನ ಮಾತು ಇಷ್ಟೇ: ಶಿಬ್‌ಪುರದ ತೋಟವನ್ನು ಮರಗಳಿಂದ ಓದಬೇಡಿ, ಕೆರೆಗಳಿಂದ ಓದಿ.

ಲಾಲ್‌ಬಾಗಿನಲ್ಲಿ ಬೆಳೆದ ಕಣ್ಣಿಗೆ ಇಲ್ಲೊಂದು ತೊಡಕಿದೆ. ನಮಗೆ ಏರುತಗ್ಗು ಸಹಜ. ಲಾಲ್‌ಬಾಗಿನ ಬಂಡೆ ಕೆಂಪೇಗೌಡನ ಗೋಪುರವನ್ನು ಹೊತ್ತು ಕೂತಿದೆ. ಅದಕ್ಕೆ ಕೋಟಿಗಟ್ಟಲೆ ವರ್ಷ ವಯಸ್ಸು. ಶಿಬ್‌ಪುರದಲ್ಲಿ ತಾನಾಗಿ ಇದ್ದ ಒಂದು ಕಲ್ಲೂ ಸಿಗುವುದಿಲ್ಲ. ಎಲ್ಲ ಹೊಳೆ ತಂದು ಹಾಕಿದ ಮಣ್ಣು. ಹಾಗಾಗಿ ನೀವು ನಡೆಯುವ ದಾರಿ ಮೆಲ್ಲಗೆ ಏರಿ, ಬಳುಕಿ, ಇಳಿದರೆ ಅದು ಪ್ರಕೃತಿಯ ಕೆಲಸವಲ್ಲ, ಗುದ್ದಲಿಯ ಕೆಲಸ. ಅಲ್ಲಿ ನಿಂತು ಸುತ್ತ ನೋಡಿ. ಹತ್ತಿರದಲ್ಲೇ ಒಂದು ಕೆರೆ ಇರುತ್ತದೆ. ನಿಮ್ಮ ಕಾಲ ಕೆಳಗಿನ ದಿಬ್ಬ ಆ ಕೆರೆಯ ಹೊಟ್ಟೆಯಿಂದ ಎದ್ದುಬಂದದ್ದು.

ಈ ಕೆಲಸ ಮಾಡಿಸಿದವನು ಜಾರ್ಜ್ ಕಿಂಗ್. ಅವನು 1871ರಲ್ಲಿ ಮೇಲ್ವಿಚಾರಕನಾಗಿ ಅಧಿಕಾರ ವಹಿಸಿಕೊಂಡಾಗ ತೋಟದಲ್ಲಿ ಹೇಳಿಕೊಳ್ಳುವಂಥ ನೆರಳಿರಲಿಲ್ಲ. 1840ರ ದಶಕದಲ್ಲಿ ಆಗಿನ ಮೇಲ್ವಿಚಾರಕ ವಾಲಿಚ್ ಇಲ್ಲದ ಹೊತ್ತಿನಲ್ಲಿ ಉಸ್ತುವಾರಿ ನೋಡಿಕೊಂಡ ಗ್ರಿಫಿತ್ ಶಾಸ್ತ್ರೀಯ ಕ್ರಮದ ಹೆಸರಲ್ಲಿ ಹಳೆಯ ಮರಗಳನ್ನು ಕಡಿಸಿಹಾಕಿದ. 1848ರಲ್ಲಿ ಬಂದ ಸಸ್ಯವಿಜ್ಞಾನಿ ಜೋಸೆಫ್ ಹುಕರ್ ಅದನ್ನು ಕಂಡು ಕಟುವಾಗಿಯೇ ಬರೆದ. ಮನುಷ್ಯ ಬಿಟ್ಟಿದ್ದನ್ನು ಗಾಳಿ ಮುಗಿಸಿತು. 1864ರ ಅಕ್ಟೋಬರಿನ ಚಂಡಮಾರುತ ಹೂಗ್ಲಿಯ ನೀರನ್ನೇ ತೋಟದೊಳಕ್ಕೆ ನುಗ್ಗಿಸಿ ಸಾವಿರಕ್ಕೂ ಹೆಚ್ಚು ಮರಗಳನ್ನು ಕೆಡವಿತು. 1867ರಲ್ಲಿ ಮತ್ತೊಂದು ಬಂತು. ಬೇರೆ ಯಾರಾದರೂ ಆಗಿದ್ದರೆ ತಕ್ಷಣ ಸಸಿ ನೆಡಿಸುತ್ತಿದ್ದರು. ಕಿಂಗ್ ನೆಲ ಅಗೆಸಿದ. ತಗ್ಗಿನಲ್ಲಿ ಕೆರೆ ತೋಡಿಸಿ, ಆ ಮಣ್ಣಿನಿಂದ ಉಳಿದ ನೆಲವನ್ನು ಎತ್ತರಿಸಿ, ಕೆರೆಗಳನ್ನು ಒಂದಕ್ಕೊಂದು ಸೇರಿಸಿ, ಹೊಳೆಗೂ ಜೋಡಿಸಿದ. ಇವತ್ತಿಗೂ ಇಪ್ಪತ್ತಕ್ಕೂ ಹೆಚ್ಚು ಕೆರೆಗಳಿವೆ. ಅವನ್ನು ಅಲಂಕಾರ ಅಂದುಕೊಂಡವರೇ ಹೆಚ್ಚು. ಅವು ಈ ತೋಟದ ಮೂತ್ರಪಿಂಡಗಳು.

ಇದೇನು ಕಿಂಗ್ ಕಂಡುಹಿಡಿದ ವಿದ್ಯೆಯಲ್ಲ. ಬಂಗಾಳದ ಹಳ್ಳಿಯವನು ಮನೆ ಕಟ್ಟುವಾಗ ಮೊದಲು ಪಕ್ಕದಲ್ಲಿ ಪುಕುರ್ ತೋಡುತ್ತಾನೆ; ಆ ಮಣ್ಣಿನ ಮೇಲೆ ಮನೆ ನಿಲ್ಲುತ್ತದೆ, ಆ ಗುಂಡಿಯಲ್ಲಿ ಮೀನು ಬೆಳೆಯುತ್ತದೆ. ನಮ್ಮ ದಕ್ಷಿಣದವರು ಕರಿಬೇವು, ಬಾಳೆಲೆಗೆ ಓಡುವ ಲೇಕ್ ಮಾರ್ಕೆಟ್ಟಿಗೆ ಹೆಸರು ಕೊಟ್ಟ ಕೆರೆಯ ಕತೆಯೂ ಇದೇ. 1920ರ ದಶಕದಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಅಲ್ಲಿಯ ಜೌಗನ್ನು ತೋಡಿಸಿ, ಅಕ್ಕಪಕ್ಕದ ಬಡಾವಣೆಯ ನೆಲ ಎತ್ತರಿಸಿತು. ಈಗ ಅದು ರವೀಂದ್ರ ಸರೋಬರ್. ಬೆಳಿಗ್ಗೆ ಅಲ್ಲಿ ಸುತ್ತು ಹಾಕುವ ಸಾವಿರಾರು ಜನರಲ್ಲಿ ಎಷ್ಟು ಮಂದಿಗೆ ಗೊತ್ತು, ತಮ್ಮ ಮನೆಯ ಪಾಯ ಒಂದು ಕಾಲಕ್ಕೆ ಈ ಕೆರೆಯೊಳಗಿತ್ತು ಅಂತ?

ನನಗೂ ಇದು ಪುಸ್ತಕದಿಂದ ತಿಳಿದದ್ದಲ್ಲ. ಈ ಊರಿಗೆ ವರ್ಗವಾಗಿ ಬಂದ ಹೊಸದರಲ್ಲಿ ಒಂದು ಶ್ರಾವಣದ ಬೆಳಿಗ್ಗೆ, ರಾತ್ರಿಯಿಡೀ ಸುರಿದ ಮಳೆಗೆ ನಮ್ಮ ಬೀದಿಯಲ್ಲಿ ಮೊಣಕಾಲುದ್ದ ನೀರು. ಹಟಕ್ಕೆ ಬಿದ್ದು ಶಿಬ್‌ಪುರಕ್ಕೆ ಹೋದೆ. ದಾರಿಗಳು ತೊಯ್ದಿದ್ದವು, ಮುಳುಗಿರಲಿಲ್ಲ. ಕೆರೆಗಳು ಮಾತ್ರ ಅಂಚಿನವರೆಗೆ ತುಂಬಿ ನಿಂತಿದ್ದವು. ಮುದುಕ ಮಾಲಿಯೊಬ್ಬ ಕೊಡೆಯ ತುದಿಯಲ್ಲಿ ಕೆರೆಯನ್ನೂ ದಿಬ್ಬವನ್ನೂ ತೋರಿಸಿ, "ಅಲ್ಲಿಂದ ತೆಗೆದು ಇಲ್ಲಿ ಹಾಕಿದ್ದು, ಬಾಬು" ಅಂದ. ಅದುವರೆಗೆ ನಾನು ಹೆಸರಿನ ಫಲಕ ಓದುತ್ತಾ ಮರದಿಂದ ಮರಕ್ಕೆ ಹೋಗುತ್ತಿದ್ದವನು.

ಇನ್ನು ಆಲದ ಮರ. ಅದು ವಿಸ್ಮಯವೇ, ಆದರೆ ಜನ ಬೆರಗಾಗುವ ಕಾರಣಕ್ಕಲ್ಲ. ಅದಕ್ಕೆ ಬೊಡ್ಡೆಯೇ ಇಲ್ಲ. ಆ ಎರಡು ಚಂಡಮಾರುತಗಳ ಪೆಟ್ಟು ತಿಂದ ಮೇಲೆ ಬೂಷ್ಟು ಹತ್ತಿ, 1925ರಲ್ಲಿ ಬೊಡ್ಡೆಯನ್ನು ತೆಗೆಯಬೇಕಾಯಿತು. ಮೂರು ಸಾವಿರಕ್ಕೂ ಹೆಚ್ಚು ಬಿಳಲುಗಳು ಅದನ್ನು ಹೊತ್ತಿವೆ. ಸುತ್ತ ಹಾಕಿದ 330 ಮೀಟರಿನ ರಸ್ತೆಯನ್ನೂ ದಾಟಿ ಮರ ಆಚೆ ಹೋಗಿದೆ. ನಮ್ಮ ಕೇತೋಹಳ್ಳಿಯ ದೊಡ್ಡ ಆಲವೂ ರೋಗಕ್ಕೆ ತಾಯಿಬೊಡ್ಡೆ ಕಳೆದುಕೊಂಡು ಹೀಗೇ ಬದುಕಿದೆ. ನಡುವೆ ಏನಿದೆ ಅಂತ ಇಣುಕುವುದು ಬಿಟ್ಟು ಅಂಚಿಗೆ ಹೋಗಿ, ನೆಲ ಮುಟ್ಟಲು ಹೊರಟ ಎಳೆ ಬಿಳಲುಗಳನ್ನು ನೋಡಿ. ಮರ ಬದುಕುತ್ತಿರುವುದು ಅಲ್ಲಿ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಕರ್ನಲ್ ಕಿಡ್ 1787ರಲ್ಲಿ ಈ ತೋಟವನ್ನು ಕಟ್ಟಿಸಿದ್ದು ಸೌಂದರ್ಯಕ್ಕಲ್ಲ. ಹಡಗಿಗೆ ತೇಗ, ಕ್ಷಾಮಕ್ಕೆ ಸಾಬೂದಾನಿ ಅವನ ತಲೆಯಲ್ಲಿತ್ತು. ಮೈಸೂರು, ಕೆನರಾ ಸುತ್ತಿ 1807ರಲ್ಲಿ ಪುಸ್ತಕ ಪ್ರಕಟಿಸಿದನಲ್ಲ, ಅದೇ ಬುಕಾನನ್ 1814ರಲ್ಲಿ ರಾಕ್ಸ್‌ಬರ್ಗನ ನಂತರ ಇಲ್ಲಿ ಮೇಲ್ವಿಚಾರಕನಾಗಿದ್ದ. 1819ರಿಂದ ಕೆಲವು ಕಾಲ ನಮ್ಮ ಲಾಲ್‌ಬಾಗೂ ಈ ತೋಟದ ವಾಲಿಚ್‌ನ ಕೈಕೆಳಗಿತ್ತು. ಒಂದು ಎಲೆಯಂತೆ ಇನ್ನೊಂದಿಲ್ಲದ 'ಹುಚ್ಚು ಮರ' ಇದೆ, ನೋಡಿ. ತಾಳೆಗಳ ಮನೆ ಚೆನ್ನಾಗಿದೆ. ಕಳ್ಳಿಗಳ ಮನೆಗೆ ಹೋಗದಿದ್ದರೆ ನಷ್ಟವಿಲ್ಲ.

ಫಲಪುಷ್ಪ ಪ್ರದರ್ಶನದ ಗುಂಗಿನವರಿಗೆ ಅಲಿಪುರದ ಕೃಷಿ-ತೋಟಗಾರಿಕೆ ಸಂಘವಿದೆ. 1820ರಲ್ಲಿ ವಿಲಿಯಂ ಕೇರಿ ಕಟ್ಟಿದ್ದು, ಚಳಿಗಾಲದಲ್ಲಿ ಡೇಲಿಯಾ, ಸೇವಂತಿಗೆಯನ್ನು ಕುಂಡದಲ್ಲಿ ಸಾಲಾಗಿ ನಿಲ್ಲಿಸುತ್ತಾರೆ. ಅದೂ ಬೇಡವೆಂದರೆ ನ್ಯೂಟೌನಿನ ಇಕೋ ಪಾರ್ಕ್. ತಾಜ್ ಮಹಲಿನಿಂದ ಹಿಡಿದು ಏಳು ಅದ್ಭುತಗಳ ಪ್ರತಿಕೃತಿಗಳು ಅಲ್ಲೇ ಸಿಗುತ್ತವೆ, ಟಿಕೆಟ್ ತೆಗೆದು ಫೋಟೊ ತೆಗೆಸಿಕೊಳ್ಳಬಹುದು. ಕುಂಡದಲ್ಲಿಟ್ಟ ಹೂವಿಗೂ ಸಿಮೆಂಟಿನ ಪಿರಮಿಡ್ಡಿಗೂ ಒಂದು ಸಾಮ್ಯ: ಯಾವ ಊರಲ್ಲಿಟ್ಟರೂ ನಡೆಯುತ್ತದೆ. ಶಿಬ್‌ಪುರದ ತೋಟವನ್ನು ಎತ್ತಿ ಬೇರೆಡೆ ಇಡಲಾಗದು.

2020ರ ಮೇ 20ರಂದು ಅಂಫಾನ್ ಚಂಡಮಾರುತ ಬಂದು ನೂರಾರು ಮರಗಳನ್ನು ಉರುಳಿಸಿ ಹೋಯಿತು. ಆಲಕ್ಕೂ ಪೆಟ್ಟು ಬಿತ್ತು. ಪತ್ರಿಕೆಗಳು ಬಿದ್ದ ಮರಗಳನ್ನು ಎಣಿಸಿದವು. ನಾನು ಕೆರೆಗಳ ಬಗ್ಗೆ ವಿಚಾರಿಸಿದೆ. ಮರ ಬಿದ್ದರೆ ಇನ್ನೊಂದು ನೆಡಬಹುದು. ಕೆರೆ ಹೂಳು ತುಂಬಿ, ಹೊಳೆಯ ಸಂಪರ್ಕ ಕಟ್ಟಿದರೆ ನೆಟ್ಟದ್ದೆಲ್ಲ ಬುಡದಲ್ಲೇ ಕೊಳೆಯುತ್ತದೆ.

ಆದ್ದರಿಂದ ಡಿಸೆಂಬರಿನ ಹಿತವಾದ ಬಿಸಿಲಿಗೆ ಬರಬೇಡಿ. ಆಗ ಎಲ್ಲ ತೋಟವೂ ಚೆಂದ. ಆಷಾಢ-ಶ್ರಾವಣದಲ್ಲಿ, ಹಳೆಯ ಚಪ್ಪಲಿ ಹಾಕಿಕೊಂಡು, ಹೂಗ್ಲಿಯಲ್ಲಿ ಉಬ್ಬರ ಏರುವ ಹೊತ್ತಿಗೆ ಬನ್ನಿ. ಹೊಳೆ ಹಿಂದಕ್ಕೆ ಹರಿಯುವುದನ್ನು ದಂಡೆಯಲ್ಲಿ ನಿಂತು ನೋಡಿ, ಆಮೇಲೆ ಕೆರೆಗಳ ಕಡೆ ತಿರುಗಿ. ಚಪ್ಪಲಿ ಕೆಸರಾಗುತ್ತದೆ ಅನ್ನುವವರು ಬ್ಯಾಟರಿ ಗಾಡಿಯಲ್ಲೇ ಕೂತಿರಲಿ, ನನ್ನ ಅಭ್ಯಂತರವಿಲ್ಲ. ತೋಟ ನೋಡಿದೆವು ಅಂತ ಊರಿಗೆ ಹೋಗಿ ಹೇಳದಿದ್ದರೆ ಸಾಕು.