ಗಣಕಯಂತ್ರದ ಕನ್ನಡ: ಗುಣದೋಷ ವಿವೇಚನೆ

ಬರವಣಿಗೆಯು ತನ್ನ ನೆಲೆಯನ್ನು ಬದಲಾಯಿಸಿದಾಗಲೆಲ್ಲ ಅದರ ರೂಪದಲ್ಲಿಯೂ ನಡೆಯಲ್ಲಿಯೂ ಕಿಂಚಿತ್ತಾದರೂ ವ್ಯತ್ಯಾಸವುಂಟಾಗುವುದು ಲೋಕಸ್ವಭಾವ. ಶಾಸನದ ಕಲ್ಲಿನ ಮೇಲೆ ಉಳಿಯಿಂದ ಕೊರೆದ ಅಕ್ಷರದ ಬೆಡಗು ಬೇರೆ. ತಾಳೆಯೋಲೆಯ ಮೇಲೆ ಕಂಟದಿಂದ ಬರೆದ ಅಕ್ಷರದ ದುಂಡುತನ ಬೇರೆ. 1817ರಲ್ಲಿ ಸಿರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ಅಚ್ಚಾಯಿತು. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಮುದ್ರಣಾಲಯವು ಸ್ಥಾಪಿತವಾಯಿತು. 1894ರಲ್ಲಿ ಕಿಟ್ಟೆಲರ ಮಹಾನಿಘಂಟು ಅಲ್ಲಿಂದಲೇ ಹೊರಬಂದಿತು. ಓಲೆಯಿಂದ ಸೀಸದ ಅಚ್ಚುಮೊಳೆಗೆ ಬಂದ ಕನ್ನಡಕ್ಕೆ ಅಂದು ಒದಗಿದ ಕಷ್ಟವು ಸಾಮಾನ್ಯವಾದುದಲ್ಲ. ಗುಣಿತಾಕ್ಷರಕ್ಕೂ ಒತ್ತಕ್ಷರಕ್ಕೂ ಪ್ರತ್ಯೇಕ ಮೊಳೆಗಳು ಬೇಕಾಗಿ, ಮೊಳೆ ಜೋಡಿಸುವವನ ಮುಂದೆ ನೂರಾರು ಗೂಡುಗಳು ತುಂಬಿ ನಿಲ್ಲುತ್ತಿದ್ದುವು. ಈಗ ಅದೇ ಲಿಪಿಯು ಸೀಸವನ್ನೂ ಬಿಟ್ಟು, ಗಾಜಿನ ಮೇಲೆ ಮೂಡುವ ಬೆಳಕಾಗಿ ಮನೆಮನೆಯ ಗಣಕಯಂತ್ರದಲ್ಲಿಯೂ ಅಂಗೈಯ ಮೊಬೈಲಿನಲ್ಲಿಯೂ ನೆಲೆಸಿರುತ್ತದೆ. ಈ ಮೂರನೆಯ ಪ್ರಯಾಣದಲ್ಲಿ ಕನ್ನಡವು ಗಳಿಸಿದುದೆಷ್ಟು, ಕಳೆದುಕೊಂಡುದೆಷ್ಟು ಎಂಬುದು ಸಾಹಿತ್ಯದ ಅಭಿಮಾನಿಗಳು ವಿಚಾರ ಮಾಡಲೇಬೇಕಾದ ವಿಷಯ. ಇದು ಕೇವಲ ಯಂತ್ರಜ್ಞರ ಸೊತ್ತೆಂದು ಕೈಬಿಟ್ಟುದರ ಫಲವು ಮುಂದೆ ಸ್ಪಷ್ಟವಾಗುವುದು.

ಗಣಕಯಂತ್ರಕ್ಕೆ ಅಕ್ಷರಜ್ಞಾನವಿಲ್ಲ; ಅಂಕೆಗಳ ಜ್ಞಾನವೊಂದೇ ಉಂಟು. ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡಿ, ಆ ಸಂಖ್ಯೆಯನ್ನು ಯಂತ್ರದೊಳಗೆ ಇರಿಸಿ, ಓದುವ ಕಾಲಕ್ಕೆ ಅದಕ್ಕೆ ತಕ್ಕ ಚಿತ್ರವನ್ನು ತೆರೆಯ ಮೇಲೆ ತೋರಿಸುವುದೇ ಅದರ ವ್ಯವಹಾರವೆಲ್ಲ. ಆದುದರಿಂದ ಯಂತ್ರಕ್ಕೆ ಕನ್ನಡವನ್ನು ಕಲಿಸುವವನು ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು: ಸಂಖ್ಯೆಯನ್ನು ಕೊಡತಕ್ಕದ್ದು ಕಣ್ಣಿಗೆ ಕಾಣುವ ಆಕಾರಕ್ಕೋ, ಕಿವಿಗೆ ಕೇಳುವ ವರ್ಣಕ್ಕೋ? ಕನ್ನಡದಲ್ಲಿ ಎರಡು ಮಾರ್ಗಗಳೂ ನಡೆದುಬಂದಿವೆ. ಎರಡರ ಫಲವೂ ಕಣ್ಣಮುಂದಿದೆ.

ಮೊದಲನೆಯದು ಆಕಾರಮಾರ್ಗ. ಇಂಗ್ಲಿಷಿನ ಮತ್ತು ಯೂರೋಪಿನ ಇತರ ಭಾಷೆಗಳ ಅಕ್ಷರಗಳಿಗಾಗಿ ಏರ್ಪಟ್ಟಿದ್ದ 256 ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕುಳ್ಳಿರಿಸುವುದು ಇದರ ಉಪಾಯ. ಅನೇಕ ಫಾಂಟುಗಳಲ್ಲಿ ‘ಕ’ ಎಂಬ ಒಂದು ಅಕ್ಷರವೇ ಎರಡು ತುಂಡಾಗಿ, ಒಡಲು ಒಂದು ಸಂಖ್ಯೆಯಲ್ಲಿಯೂ ತಲೆಕಟ್ಟು ಮತ್ತೊಂದರಲ್ಲಿಯೂ ಇರುತ್ತಿದ್ದಿತು. ಅಚ್ಚುಮೊಳೆಯ ಗೂಡುಗಳನ್ನು ಯಂತ್ರದೊಳಕ್ಕೆ ಹೊತ್ತು ತಂದ ಕೆಲಸವಿದು. ಆದರೂ ಈ ಮಾರ್ಗವನ್ನು ಹಗುರವಾಗಿ ಕಾಣಲಾಗದು. ಬೇರೆ ದಾರಿ ಇಲ್ಲದಿದ್ದ ಕಾಲದಲ್ಲಿ ಕನ್ನಡದ ಪತ್ರಿಕೆ, ಪುಸ್ತಕ, ಕಚೇರಿಯ ಪತ್ರಗಳೆಲ್ಲವನ್ನೂ ಹೊತ್ತು ನಡೆಸಿದುದು ಇದೇ. 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿ ಕರ್ನಾಟಕ ಸರಕಾರವು ಉಚಿತವಾಗಿ ಹಂಚಿದ ‘ನುಡಿ’ ಇವುಗಳ ಉಪಕಾರವನ್ನು ಕನ್ನಡ ಬರೆಯುವ ಯಾರೂ ಮರೆಯತಕ್ಕದ್ದಲ್ಲ.

ಹೀಗಿದ್ದರೂ ಆಕಾರಮಾರ್ಗದ ದೋಷವು ಅದರ ಬುಡದಲ್ಲಿಯೇ ಇದ್ದಿತು. ಹಾಗೆ ಬರೆದ ಲೇಖನವನ್ನು ಅದೇ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಒಂದಕ್ಷರವೂ ಕಾಣದೆ, ರೋಮನ್ ಅಕ್ಷರಗಳ ಅರ್ಥಹೀನವಾದ ಸಂತೆಯೇ ಕಣ್ಣಿಗೆ ಬೀಳುವುದು. ಏಕೆಂದರೆ ಯಂತ್ರದ ತಿಳಿವಳಿಕೆಯಲ್ಲಿ ಅದು ಎಂದೂ ಕನ್ನಡವಾಗಿರಲೇ ಇಲ್ಲ. ಕನ್ನಡದ ವೇಷ ತೊಟ್ಟ ಪರಲಿಪಿಯಾಗಿದ್ದಿತು. ಒಂದು ಫಾಂಟಿನ ಗೂಡುಗಳಿಗೂ ಮತ್ತೊಂದರ ಗೂಡುಗಳಿಗೂ ಹೊಂದಿಕೆಯಿಲ್ಲ. ಇಂತಹ ಬರಹವನ್ನು ಅಕಾರಾದಿಯಾಗಿ ಜೋಡಿಸುವುದಾಗಲಿ, ಅದರೊಳಗೆ ಒಂದು ಪದವನ್ನು ಹುಡುಕುವುದಾಗಲಿ ಸಾಮಾನ್ಯರಿಗೆ ಸಾಧ್ಯವಾಗುವಂತಿರಲಿಲ್ಲ.

ಎರಡನೆಯದು ವರ್ಣಮಾರ್ಗ. ಭಾರತೀಯ ಭಾಷೆಗಳಿಗಾಗಿ ಸರಕಾರದವರು ಮಾಡಿದ ಇಸ್ಕಿ ಎಂಬ ಕ್ರಮದಲ್ಲಿ ಇದರ ತತ್ತ್ವವು ಗೋಚರವಾಗಿ, 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಸಾರ್ವಲೌಕಿಕ ಕ್ರಮದಲ್ಲಿ ಸ್ಥಿರಪಟ್ಟಿತು. ಪ್ರಪಂಚದ ಲಿಪಿಗಳಿಗೆಲ್ಲ ಬೇರೆ ಬೇರೆ ಸ್ಥಾನಗಳನ್ನು ಕಲ್ಪಿಸಿರುವ ಈ ಕ್ರಮದಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ಮನೆಯನ್ನು ಬಿಟ್ಟುಕೊಡಲಾಗಿದೆ. ಇಲ್ಲಿ ಒತ್ತಕ್ಷರಕ್ಕೆ ಬೇರೆ ಸಂಖ್ಯೆಯಿಲ್ಲ. ‘ಸ್ತ್ರೀ’ ಎಂದು ಬರೆದರೆ ಯಂತ್ರದೊಳಗೆ ಉಳಿಯುವುವು ಆರು ಘಟಕಗಳು: ಸ, ಅರ್ಧಾಕ್ಷರದ ಚಿಹ್ನೆ, ತ, ಮತ್ತೆ ಅದೇ ಚಿಹ್ನೆ, ರ, ಈಕಾರದ ಗುಣಿತ. ಇವುಗಳನ್ನು ಕೂಡಿಸಿ ಸುಂದರವಾದ ಒಂದೇ ಅಕ್ಷರವಾಗಿ ತೋರಿಸುವ ಹೊಣೆಯು ಫಾಂಟಿನದು.

ವರ್ಣಗಳು ಕೂಡಿ ಅಕ್ಷರವಾಗುವುದೆಂಬ ಈ ಭಾವನೆಯು ಕನ್ನಡ ವೈಯಾಕರಣರಿಗೆ ಹೊಸದಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಓದಿದವರಿಗೆ ಯೂನಿಕೋಡಿನ ತತ್ತ್ವವು ಪರಿಚಿತವೆಂದೇ ತೋರುವುದು. ಆದರೆ ಸಾಮ್ಯವು ಪೂರ್ಣವಾದುದೆಂದು ಭ್ರಮಿಸಬಾರದು. ವ್ಯಾಕರಣದಲ್ಲಿ ‘ಕ್’ ಎಂಬುದು ಮೂಲ; ಅದಕ್ಕೆ ‘ಅ’ ಸೇರಿದರೆ ‘ಕ’. ಯಂತ್ರದಲ್ಲಿ ‘ಕ’ ಎಂಬುದು ಮೂಲ. ಅದರಿಂದ ‘ಅ’ವನ್ನು ಕಳೆಯುವ ಚಿಹ್ನೆಯು ಬಂದು ಸೇರಿದರೆ ‘ಕ್’. ಶಾಸ್ತ್ರದ ಸಂಕಲನವು ಯಂತ್ರದಲ್ಲಿ ವ್ಯವಕಲನವಾಗಿದೆ. ಲೋಕದ ಬರವಣಿಗೆಯ ರೂಢಿಗೆ ಇದೇ ಹತ್ತಿರವಾದುದರಿಂದ ಇದನ್ನು ದೋಷವೆನ್ನಲಾಗದು.

ನಿಜವಾದ ದೋಷಗಳು ಬೇರೆ ಇವೆ. ಭಾರತೀಯ ಲಿಪಿಗಳಿಗೆಲ್ಲ ಒಂದೇ ಅಚ್ಚನ್ನು ಹೊಂದಿಸಹೊರಟುದರಿಂದ ಕನ್ನಡದ ಸ್ವಂತ ಲಕ್ಷಣಗಳು ಕೆಲವೆಡೆ ಮಸುಕಾದುವು. ಕನ್ನಡ ಮಕ್ಕಳು ಕಲಿಯುವ ವರ್ಣಮಾಲೆಯಲ್ಲಿ ಹಕಾರವಾದ ಬಳಿಕ ಕೊನೆಗೆ ಬರುವುದು ಳಕಾರ. ಯೂನಿಕೋಡಿನ ಸಂಖ್ಯಾಕ್ರಮದಲ್ಲಿಯಾದರೋ ಅದು ಲಕಾರದ ಪಕ್ಕದಲ್ಲಿ, ವಕಾರಕ್ಕಿಂತ ಮೊದಲೇ ಬಂದು ಕುಳಿತಿದೆ. ಅಕಾರಾದಿ ಜೋಡಣೆಗೆಂದು ಬೇರೊಂದು ಕೋಷ್ಟಕವನ್ನು ಬಳಸಿದರೆ ಈ ತೊಡಕು ಪರಿಹಾರವಾಗುವುದು. ಬಳಸದ ತಂತ್ರಾಂಶವು ನಿಘಂಟಿನ ಕ್ರಮವನ್ನೇ ಕೆಡಿಸುವುದು.

ಇದಕ್ಕಿಂತ ವಿಷಾದಕರವಾದುದು ಹಳಗನ್ನಡದ ೞಕಾರಕ್ಕೆ ಒದಗಿದ ಗತಿ. ಪಂಪ ರನ್ನರ ಕಾವ್ಯಗಳನ್ನು ಶುದ್ಧವಾಗಿ ಅಚ್ಚುಹಾಕಬೇಕಾದರೆ ಈ ಅಕ್ಷರವಿಲ್ಲದೆ ನಡೆಯದು. ಯೂನಿಕೋಡಿನಲ್ಲಿ ಅದಕ್ಕೆ ಸ್ಥಾನವೇನೋ ದೊರೆಯಿತು; ಆದರೆ ದೇವನಾಗರಿಯ ಮನೆಯಲ್ಲಿ ‘ಫ಼’ ಇರುವ ಸ್ಥಾನಕ್ಕೆ ಸರಿಯಾದ ಗೂಡಿನಲ್ಲಿ ಅದನ್ನು ಕುಳ್ಳಿರಿಸಿ, ಹೆಸರನ್ನೂ ‘ಫ’ ಎಂದೇ ಬರೆದುಬಿಟ್ಟರು. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಾಯಿಸಕೂಡದೆಂಬುದು ಆ ಕ್ರಮದ ಕಟ್ಟಳೆ. ಆದಕಾರಣ ತಪ್ಪನ್ನು ಒಪ್ಪಿಕೊಂಡು ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಿದ್ದಾರೆಯೇ ಹೊರತು, ಮೂಲದ ಹೆಸರು ಇಂದಿಗೂ ಹಾಗೆಯೇ ನಿಂತಿದೆ. ಕೇಶಿರಾಜನು ಅಷ್ಟು ಆದರದಿಂದ ವಿವರಿಸಿದ ಅಕ್ಷರವು ಜಗತ್ತಿನ ಲಿಪಿಪಟ್ಟಿಯಲ್ಲಿ ಅನ್ಯನಾಮದಿಂದ ಬದುಕಬೇಕಾಗಿ ಬಂದುದಕ್ಕೆ ಕಾರಣ ದ್ವೇಷವಲ್ಲ, ಅಲಕ್ಷ್ಯ. ಹಳಗನ್ನಡವನ್ನು ಬಲ್ಲವರೊಬ್ಬರು ಆ ಪಟ್ಟಿಯನ್ನು ಸಕಾಲದಲ್ಲಿ ನೋಡಿದ್ದರೆ ಸಾಕಾಗಿದ್ದಿತು. ಕೇಳಿದರೆ ಕೊಡುವರೆಂಬುದಕ್ಕೂ ನಿದರ್ಶನವುಂಟು: ಹಳೆಯ ಬರವಣಿಗೆಯ ನಕಾರಪೊಲ್ಲು ಎಂಬ ಅಕ್ಷರಕ್ಕೆ 2021ರಲ್ಲಿ ಅದೇ ಯೂನಿಕೋಡಿನಲ್ಲಿ ಪ್ರತ್ಯೇಕ ಸ್ಥಾನವು ದೊರೆತಿದೆ.

ಅರ್ಕಾವತ್ತಿನ ಪ್ರಶ್ನೆಯೂ ಇದೇ ಬಗೆಯದು. ‘ಸೂರ್ಯ’ ಎಂಬಲ್ಲಿ ರಕಾರವು ಅರ್ಕಾವತ್ತಾಗಿ ಬಲಕ್ಕೆ ಹೋಗುವುದು. ‘ರ‍್ಯಾಂಕು’ ಎಂಬಲ್ಲಿ ರಕಾರವು ತಾನೇ ನಿಂತು ಯಕಾರವು ಒತ್ತಾಗುವುದು. ಎರಡರಲ್ಲಿಯೂ ವರ್ಣಗಳು ಒಂದೇ, ಆಕಾರ ಮಾತ್ರ ಬೇರೆ. ವರ್ಣವನ್ನಷ್ಟೇ ಬಲ್ಲ ಯಂತ್ರಕ್ಕೆ ಈ ಭೇದವನ್ನು ತಿಳಿಸಲು ಕಣ್ಣಿಗೆ ಕಾಣದ ಒಂದು ಜೋಡಕಚಿಹ್ನೆಯನ್ನು ನಡುವೆ ಇಡಬೇಕಾಯಿತು. ಇದರಿಂದ ‘ಸೂರ್ಯ’ ಎಂದು ಒಬ್ಬರೂ ‘ಸೂರ‍್ಯ’ ಎಂದು ಮತ್ತೊಬ್ಬರೂ ಬರೆದರೆ, ಓದುವವನಿಗೆ ಒಂದೇ ಆದ ಪದವು ಯಂತ್ರಕ್ಕೆ ಎರಡಾಗುವುದು. ಒಂದನ್ನು ಹುಡುಕಿದವನಿಗೆ ಮತ್ತೊಂದು ಸಿಕ್ಕದೆ ಹೋಗಬಹುದು. ಒಂದು ಪದಕ್ಕೆ ಒಂದೇ ಬರವಣಿಗೆಯೆಂಬ ಶಿಸ್ತು ಅಚ್ಚಿನ ಕಾಲದಲ್ಲಿ ಅಂದದ ಮಾತಾಗಿದ್ದರೆ, ಗಣಕದ ಕಾಲದಲ್ಲಿ ಅದು ಪದದ ಇರವು ಅಳಿವಿನ ಮಾತಾಗಿದೆ.

ಬರೆಯುವ ಕೈಗೆ ಒದಗಿದ ಅನುಕೂಲವನ್ನೂ ಇಲ್ಲಿ ಹೇಳಬೇಕು. ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿ ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳೇ ಕನ್ನಡಕ್ಕೆಲ್ಲ ಸಾಕಾಗುವುವು. ಒತ್ತಕ್ಷರವು ಬೇಕಾದಾಗ ಎರಡು ವ್ಯಂಜನಗಳ ನಡುವೆ ಒಂದು ಕೀಲಿಯನ್ನೊತ್ತಿದರಾಯಿತು. ನೂರಾರು ಗೂಡುಗಳ ಭಾರವನ್ನು ಇಪ್ಪತ್ತಾರು ಗುಂಡಿಗಳಿಗೆ ಇಳಿಸಿದ ಈ ಕಲ್ಪನೆಯು ಯಂತ್ರಜ್ಞಾನಕ್ಕಿಂತ ಹೆಚ್ಚಾಗಿ ಭಾಷಾಜ್ಞಾನದ ಫಲ. ರಾಯರು ತಮ್ಮ ತಂತ್ರಾಂಶಕ್ಕೆ ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿರಿಸಿದುದೂ, ಅದನ್ನು ಉಚಿತವಾಗಿ ಹಂಚಿದುದೂ ಔಚಿತ್ಯಪೂರ್ಣವಾದುವು. ಸಾಹಿತಿಗಳ ಪೈಕಿ ಈ ವಿಷಯದ ಮಹತ್ತ್ವವನ್ನು ಮೊದಲೇ ಕಂಡು ದನಿಯೆತ್ತಿದವರಲ್ಲಿ ಪೂರ್ಣಚಂದ್ರ ತೇಜಸ್ವಿಯವರು (1938–2007) ಪ್ರಮುಖರು.

ಇನ್ನು ಜನಜೀವನದ ಮೇಲಣ ಪರಿಣಾಮ. ಮೊಬೈಲಿನ ಕಿರುಸಂದೇಶವು ಬಳಕೆಗೆ ಬಂದಾಗ ಒಂದು ಸಂದೇಶದಲ್ಲಿ ರೋಮನ್ ಲಿಪಿಯ 160 ಅಕ್ಷರಗಳು ಹಿಡಿಸುತ್ತಿದ್ದರೆ, ಯೂನಿಕೋಡಿನಲ್ಲಿ ಬರೆದ ಕನ್ನಡಕ್ಕೆ ಹಿಡಿಸುತ್ತಿದ್ದುದು 70 ಘಟಕಗಳು ಮಾತ್ರ. ‘ಸ್ವಾತಂತ್ರ್ಯ’ ಎಂಬ ಒಂದೇ ಪದವು ಈ ಎಪ್ಪತ್ತರಲ್ಲಿ ಹನ್ನೊಂದನ್ನು ನುಂಗುವುದು. ರೋಮನ್ನಿನಲ್ಲಿ ನೂರರವತ್ತರಲ್ಲಿ ಹತ್ತು ಸಾಕು. ಸಂದೇಶಕ್ಕೆ ಕಾಸು ಕೊಡಬೇಕಾಗಿದ್ದ ಕಾಲದಲ್ಲಿ, ಕನ್ನಡದ ಕೀಲಿಯೇ ಇಲ್ಲದ ಉಪಕರಣವನ್ನು ಹಿಡಿದಿದ್ದ ತರುಣರು ಕನ್ನಡವನ್ನು ರೋಮನ್ ಲಿಪಿಯಲ್ಲಿ ಬರೆಯತೊಡಗಿದುದು ಆಶ್ಚರ್ಯವಲ್ಲ; ಅವರನ್ನು ಭಾಷಾದ್ರೋಹಿಗಳೆಂದು ಜರೆಯುವುದು ನ್ಯಾಯವೂ ಅಲ್ಲ. ಇಂದು ಮೊಬೈಲುಗಳಲ್ಲಿ ಕನ್ನಡದ ಕೀಲಿಮಣೆಯುಂಟು. ನುಡಿದುದನ್ನು ಕೇಳಿ ಬರೆದುಕೊಳ್ಳುವ ಸೌಕರ್ಯವೂ ಉಂಟು. ಕಾರಣವು ತೀರಿತು, ಅಭ್ಯಾಸವು ಉಳಿಯಿತು. ಆ ಲಿಪಿಯಲ್ಲಿ ಹಳ್ಳಿಯೂ ಹಲ್ಲಿಯೂ ಒಂದೇ. ಅವಸರದ ಕೈಯಲ್ಲಿ ಕಲ, ಕಳ, ಕಾಲ, ಕಾಳ ಎಂಬ ನಾಲ್ಕೂ ಒಂದೇ. ಲಕಾರ ಳಕಾರಗಳ ಭೇದವನ್ನು ಬರವಣಿಗೆಯಲ್ಲಿ ಕಾಣದೆ ಬೆಳೆದ ಮಗುವು ಉಚ್ಚಾರಣೆಯಲ್ಲಿ ಅದನ್ನು ಎಷ್ಟುಕಾಲ ಕಾಪಾಡೀತು?

ಬರೆಯುತ್ತಿರುವಾಗಲೇ ಮುಂದಿನ ಪದವನ್ನು ಸೂಚಿಸುವ ಯಂತ್ರದ ಚಾತುರ್ಯವೂ ವಿವೇಚನೆಗೆ ಅರ್ಹ. ಹೆಚ್ಚು ಬಳಕೆಯಲ್ಲಿರುವ ರೂಪವನ್ನೇ ಮುಂದಿಡುವುದು ಅದರ ಧರ್ಮ. ಧಾರವಾಡದ ಮನೆಯಲ್ಲಿ ‘ಬ್ಯಾಡ’ ಎಂದು ಬರೆಯಹೊರಟವರ ಮುಂದೆ ಅದು ‘ಬೇಡ’ವನ್ನು ಹಿಡಿದರೆ, ದಣಿದ ಬೆರಳು ಅದನ್ನೇ ಒಪ್ಪಿಬಿಡುವುದು. ಕಾಗುಣಿತದ ತಪ್ಪನ್ನು ತಿದ್ದುವ ಉಪಕಾರದ ಜೊತೆಯಲ್ಲಿಯೇ ಪ್ರಾಂತಪ್ರಾಂತದ ಸೊಗಡನ್ನು ಒರಸಿಹಾಕುವ ಅಪಕಾರವೂ ಬರುವುದೆಂಬುದನ್ನು ಮರೆಯಬಾರದು.

ಒಟ್ಟಿನಲ್ಲಿ ತೂಗಿ ನೋಡಿದರೆ ವರ್ಣಮಾರ್ಗದ ಗುಣವು ದೋಷಕ್ಕಿಂತ ಬಹುಪಾಲು ಮಿಗಿಲಾದುದು. ಅದರ ಬಲದಿಂದ ಕನ್ನಡದ ವಿಕಿಪೀಡಿಯವು 2003ರಿಂದ ಬೆಳೆಯುತ್ತಿದೆ. ದೂರದೇಶದಲ್ಲಿರುವ ಕನ್ನಡಿಗನು ತಾಯಿಯ ಪತ್ರವನ್ನು ತಾಯ್ನುಡಿಯ ಲಿಪಿಯಲ್ಲಿಯೇ ಓದುತ್ತಿದ್ದಾನೆ. ತುರ್ತಾಗಿ ಆಗಬೇಕಾದುದು ಮತ್ತೊಂದಿದೆ. ಆಕಾರಮಾರ್ಗದ ದಿನಗಳಲ್ಲಿ ಟೈಪಾದ ಪ್ರಬಂಧಗಳು, ಕಥೆಗಳು, ಸ್ಮರಣಸಂಚಿಕೆಗಳು, ಸಂಘಗಳ ವರದಿಗಳು ಎಷ್ಟೋ ಮನೆಗಳ ಹಳೆಯ ಯಂತ್ರಗಳಲ್ಲಿಯೂ ತಟ್ಟೆಗಳಲ್ಲಿಯೂ ಉಳಿದಿವೆ. ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಇಂದು ಲಭ್ಯವಿವೆ. ಪರಿವರ್ತನೆಯಲ್ಲಿ ನುಸುಳುವ ತಪ್ಪುಗಳನ್ನು ಗುರುತಿಸಬಲ್ಲ ಹಿರಿಯರೂ ಇದ್ದಾರೆ. ಯಂತ್ರವನ್ನು ಬಲ್ಲ ಕಿರಿಯರೊಬ್ಬರೂ ಕನ್ನಡವನ್ನು ಬಲ್ಲ ಹಿರಿಯರೊಬ್ಬರೂ ಒಂದು ಮೇಜಿನ ಮುಂದೆ ಕುಳಿತರೆ ಒಂದು ಸಂಘದ ಹಳೆಯ ಸಂಚಿಕೆಗಳಷ್ಟನ್ನಾದರೂ ಉಳಿಸಬಹುದು. ಜಿಲ್ಲೆಜಿಲ್ಲೆಯ ಸಾಹಿತ್ಯಸಂಘಗಳು ಕೈಗೊಳ್ಳತಕ್ಕ ಕಾರ್ಯವಿದು. ಓಲೆಯನ್ನು ಗೆದ್ದಲು ತಿನ್ನುವಾಗ ಧೂಳಾದರೂ ಉದುರಿ ಮನೆಯವರನ್ನು ಎಚ್ಚರಿಸುತ್ತಿದ್ದಿತು. ಯಂತ್ರದೊಳಗಿನ ಬರಹವು ಸದ್ದಿಲ್ಲದೆ, ಗುರುತಿಲ್ಲದೆ ಅಳಿಯುವುದು.