ಆರದ ದೀಪ, ಬಾರದ ನಗೆ

ಹಾಸ್ಯವು ಎಲ್ಲ ರಸಗಳಲ್ಲಿ ಸುಲಭವಾದುದೆಂದು ಲೋಕದಲ್ಲಿ ಒಂದು ತಿಳಿವಳಿಕೆಯಿದೆ. ಅದರಲ್ಲಿಯೂ ಮಕ್ಕಳನ್ನು ನಗಿಸುವದೆಂದರೆ ಎಡಗೈಯ ಕೆಲಸವೆಂದು ಅನೇಕರು ಎಣಿಸುತ್ತಾರೆ. ಮನುಷ್ಯನೊಬ್ಬನು ಜಾರಿ ಬಿದ್ದರೆ ಕೂಸು ನಗುವದು. ಎರಡನೆಯ ಸಲ ಬಿದ್ದರೆ ಇನ್ನೂ ನಗುವದು. ಇಷ್ಟಕ್ಕೆ ಶಾಸ್ತ್ರವೇಕೆ, ವಿಮರ್ಶೆಯೇಕೆ ಎಂಬುದು ಅವರ ವಾದ. ಈ ವಾದವು ಎಷ್ಟು ಸಡಿಲವಾದುದೆಂಬುದನ್ನು ಕಾಣಬೇಕಾದರೆ, ಬಿದ್ದರೂ ಎದ್ದರೂ ನಗೆ ಬಾರದ ಒಂದು ಚಿತ್ರವನ್ನು ಎದುರಿಗಿಟ್ಟುಕೊಂಡು ನೋಡುವದು ಒಳಿತು. ಗೆದ್ದ ಕೃತಿಯು ತನ್ನ ಗುಟ್ಟನ್ನು ಮುಚ್ಚಿಕೊಂಡಿರುವದು. ಸೋತ ಕೃತಿಯು ಅದನ್ನು ಬಿಚ್ಚಿ ತೋರಿಸುವದು.

ಅಂಥ ಚಿತ್ರವೊಂದು ‘ಗುಡ್ ನೈಟ್ ಎಲ್ಮರ್’. ಅಮೇರಿಕೆಯ ವಾರ್ನರ್ ಸಂಸ್ಥೆಯವರು 1940ನೆಯ ಇಸವಿಯ ಅಕ್ಟೋಬರ 26ರಂದು ಹೊರತಂದ ಕಾರ್ಟೂನು ಚಿತ್ರವಿದು. ಇದರ ನಿರ್ದೇಶಕನು ಚಕ್ ಜೋನ್ಸ್. ಅಂದಿನ ದಿನಗಳಲ್ಲಿ ಇಂಥ ಕಿರುಚಿತ್ರಗಳನ್ನು ಚಿತ್ರಮಂದಿರಗಳಲ್ಲಿ ದೊಡ್ಡ ಚಿತ್ರದ ಜೊತೆಗೆ, ಹಿರಿಯರು ಕಿರಿಯರೆನ್ನದೆ ಎಲ್ಲರಿಗೂ ತೋರಿಸುತ್ತಿದ್ದರು. ಕಾಲಾಂತರದಲ್ಲಿ ಇವು ಮಕ್ಕಳ ಪಾಲಿಗೆ ಬಂದವು. ಹುಬ್ಬಳ್ಳಿ-ಧಾರವಾಡಗಳ ಮನೆಗಳಲ್ಲಿಯೂ ರಾತ್ರಿಯ ಊಟವಾದ ಮೇಲೆ ಮೊಬೈಲಿನ ತೆರೆಯ ಮೇಲೆ ಹಳೆಯ ಹೊಸ ಕಾರ್ಟೂನುಗಳನ್ನು ನೋಡುತ್ತ ಹಾಸಿಗೆಗೆ ಹೋಗುವ ಮಕ್ಕಳು ಈಗ ಕಡಮೆಯಿಲ್ಲ. ಆದುದರಿಂದ ನಿದ್ರೆಯನ್ನೇ ವಸ್ತುವಾಗಿ ಉಳ್ಳ ಚಿತ್ರವೊಂದನ್ನು ಕುರಿತು ವಿಚಾರಿಸುವದು ನಮ್ಮ ಸಂಸಾರಗಳಿಗೆ ಹೊರಗಿನ ಮಾತಾಗಲಾರದು.

ಕಥೆಯು ಬಹು ಚಿಕ್ಕದು. ಎಲ್ಮರ್ ಎಂಬ ಸಾಧುಸ್ವಭಾವದ ಗೃಹಸ್ಥನು ರಾತ್ರಿ ಮಲಗಲು ಹೊರಡುತ್ತಾನೆ. ಹಾಸಿಗೆಯ ಬದಿಗೆ ಮೇಣಬತ್ತಿಯೊಂದು ಉರಿಯುತ್ತಿದೆ. ಅದನ್ನು ಆರಿಸಿದರೆ ಅದು ಮತ್ತೆ ಹೊತ್ತಿಕೊಳ್ಳುವದು. ಒಂದು ಉಪಾಯ, ಇನ್ನೊಂದು ಉಪಾಯ, ಮತ್ತೊಂದು ಉಪಾಯ. ಯಾವದಕ್ಕೂ ದೀಪವು ಬಗ್ಗುವದಿಲ್ಲ. ಕೊನೆಗೆ ಅವನು ರೊಚ್ಚಿಗೆದ್ದು ಮಲಗುವ ಕೋಣೆಯನ್ನೇ ಹಾಳುಗೆಡವಿ ದೀಪವನ್ನು ಆರಿಸುತ್ತಾನೆ. ಆದರೆ ಅಷ್ಟರಲ್ಲಿ ಸೂರ್ಯೋದಯವಾಗುವದು. ಎಲ್ಮರನು ಗಳಗಳನೆ ಅಳುವನು. ಏಳೆಂಟು ನಿಮಿಷಗಳ ಚಿತ್ರವು ಇಲ್ಲಿಗೆ ಮುಗಿಯಿತು.

ಬಾಯಿಮಾತಿನಲ್ಲಿ ಹೇಳಿದರೆ ಈ ಕಥೆಯು ನಗೆ ತರಿಸುವದು; ತೆರೆಯ ಮೇಲೆ ನೋಡುವಾಗ ಮಾತ್ರ ಆಕಳಿಕೆ ತರಿಸುವದು. ಇದು ಪರಭಾಷೆಯ ದೋಷವೆನ್ನುವಂತಿಲ್ಲ. ಚಿತ್ರದಲ್ಲಿ ಮಾತು ಇಲ್ಲವೆಂಬಷ್ಟು ಕಡಮೆ. ಧಾರವಾಡದ ಕೂಸಿಗೂ ಅದು ತಿಳಿಯುವದು. ಕುಂಚದ ದೋಷವೆಂದೂ ಹೇಳಲಾಗದು. ಮೇಣಬತ್ತಿಯ ಬೆಳಕು, ಅದರಿಂದ ಗೋಡೆಯ ಮೇಲೆ ಬೀಳುವ ನೆರಳು, ದಣಿದ ಮುಖದ ರೇಖೆಗಳು, ಇವೆಲ್ಲ ನುರಿತ ಕೈಗಳ ಕೆಲಸ. ಹಾಗಾದರೆ ಕೊರತೆಯು ಎಲ್ಲಿರುವದು?

ಮೊದಲನೆಯ ಕೊರತೆಯೆಂದರೆ, ಇದು ನಿದ್ರೆ ಬಾರದವನ ಚಿತ್ರವೆಂದು ತೋರಿದರೂ ನಿಜವಾಗಿ ನಿದ್ರೆ ಬಾರದವನ ಚಿತ್ರವಲ್ಲ. ಎಲ್ಮರನ ಮನಸ್ಸಿನಲ್ಲಿ ಯಾವ ಚಿಂತೆಯೂ ಇಲ್ಲ, ಅಂಜಿಕೆಯೂ ಇಲ್ಲ, ಆಸೆಯೂ ಇಲ್ಲ. ದೀಪ ಆರಿದ ಮರುಕ್ಷಣ ಅವನು ಗೊರಕೆ ಹೊಡೆಯಬಲ್ಲನು. ಅವನ ಎಚ್ಚರವು ಹೊರಗಿನಿಂದ ಮೆತ್ತಿದ್ದು, ಒಳಗಿನಿಂದ ಹುಟ್ಟಿದ್ದಲ್ಲ. ಮಹಾಭಾರತದ ಉದ್ಯೋಗಪರ್ವದಲ್ಲಿ ಪ್ರಜಾಗರವೆಂಬ ಭಾಗವೊಂದುಂಟು. ಪಾಂಡವರಲ್ಲಿಗೆ ಹೋಗಿ ಬಂದ ಸಂಜಯನು ಅವರ ಸಂದೇಶವನ್ನು ಮರುದಿನ ಸಭೆಯಲ್ಲಿ ಹೇಳುವೆನೆಂದು ಹೊರಟುಹೋಗಲು, ಧೃತರಾಷ್ಟ್ರನಿಗೆ ಆ ರಾತ್ರಿ ಕಣ್ಣು ಹತ್ತುವದಿಲ್ಲ. ಅವನು ವಿದುರನನ್ನು ಕರೆಯಿಸುತ್ತಾನೆ. ಯಾರು ಯಾರಿಗೆ ನಿದ್ರೆ ಬಾರದೆಂಬುದನ್ನು ವಿದುರನು ಎಣಿಸಿ ಹೇಳುತ್ತಾನೆ: ಬಲಿಷ್ಠನೊಡನೆ ಕಲಹಕ್ಕೆ ಸಿಕ್ಕ ದುರ್ಬಲ, ಸೊತ್ತನ್ನು ಕಳೆದುಕೊಂಡವ, ಕಾಮಿ, ಕಳ್ಳ. ಅನಂತರ, ಇವುಗಳಲ್ಲಿ ಯಾವದಾದರೂ ನಿನ್ನನ್ನು ಮುಟ್ಟಿದೆಯೇ, ಪರರ ಧನದ ಮೇಲೆ ಕಣ್ಣಿಟ್ಟು ಕುದಿಯುತ್ತಿರುವೆಯಾ ಎಂದು ಮೆಲ್ಲನೆ ಕೇಳುತ್ತಾನೆ. ವಿದುರನ ಪಟ್ಟಿಯಲ್ಲಿ ಒಬ್ಬೊಬ್ಬನ ಎಚ್ಚರಕ್ಕೂ ಒಂದೊಂದು ಬೇರು ಇದೆ. ಎಲ್ಮರನ ಎಚ್ಚರಕ್ಕೆ ಬೇರಿಲ್ಲ.

ನಮ್ಮ ಆಲಂಕಾರಿಕರೂ ಇದನ್ನೇ ಬೇರೆ ರೀತಿಯಿಂದ ತಿಳಿಸಿದ್ದಾರೆ. ಭರತಮುನಿಯು ಹೇಳಿದ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ನಿದ್ರೆ, ಸುಪ್ತ, ವಿಬೋಧಗಳು ಸೇರಿವೆ. ಮನ್ಮಥಾವಸ್ಥೆಗಳನ್ನು ಎಣಿಸಿದವರು ನಿದ್ರಾಚ್ಛೇದವನ್ನೂ ಎಣಿಸಿದ್ದಾರೆ. ಇವೆಲ್ಲ ಬಂದು ಹೋಗುವ ಅತಿಥಿಗಳು. ಸ್ಥಾಯಿಯೆಂಬ ಯಜಮಾನನಿಲ್ಲದ ಮನೆಯಲ್ಲಿ ಅತಿಥಿಗೆ ಮಣೆ ಹಾಕುವವರು ಯಾರು? ಜೋನ್ಸನು ಅತಿಥಿಯನ್ನು ಕರೆದನು, ಯಜಮಾನನನ್ನು ಮರೆತನು.

ಎರಡನೆಯ ಕೊರತೆಯು ದೀಪಕ್ಕೆ ಸಂಬಂಧಿಸಿದ್ದು. ಹಟಮಾರಿಯಾದ ಎದುರಾಳಿಯಿಂದ ಹಾಸ್ಯವು ಹುಟ್ಟುವದು ನಿಜ. ಆದರೆ ಎದುರಾಳಿಗೆ ಒಂದು ಸ್ವಭಾವವು ಬೇಕು. ಇದೇ ಎಲ್ಮರನನ್ನು ಇದಕ್ಕೂ ಮೂರು ತಿಂಗಳು ಮುಂಚೆ, 1940ರ ಜುಲೈ 27ರಂದು ಹೊರಬಂದ ‘ಎ ವೈಲ್ಡ್ ಹೇರ್’ ಎಂಬ ಚಿತ್ರದಲ್ಲಿ ಟೆಕ್ಸ್ ಏವರಿಯು ಬೇಟೆಗಾರನನ್ನಾಗಿ ಮಾಡಿ ಬಗ್ಸ್ ಬನ್ನಿ ಎಂಬ ಮೊಲದ ಎದುರಿಗೆ ನಿಲ್ಲಿಸಿದ್ದನು. ಕೋವಿಯಿದ್ದವನು ಪೆದ್ದ, ಕೋವಿಯಿಲ್ಲದ ಮೊಲವು ಜಾಣ. ಇವರಿಬ್ಬರ ನಡುವೆ ನಗೆಯು ತಾನಾಗಿಯೇ ಹುಟ್ಟಿತು. ಮೇಣಬತ್ತಿಗೆ ಅಂಥ ಜಾಣತನವಿಲ್ಲ, ದ್ವೇಷವಿಲ್ಲ, ತುಂಟತನವೂ ಇಲ್ಲ. ಅದು ಏಕೆ ಆರುವದಿಲ್ಲವೆಂದರೆ, ಆರಿದರೆ ಚಿತ್ರವು ಮುಗಿಯುವದೆಂಬ ಕಾರಣವೊಂದೇ. ಕೂಸಿಗೂ ಇದು ಎರಡನೆಯ ನಿಮಿಷಕ್ಕೆ ಹೊಳೆಯುವದು.

ನಿರ್ಜೀವ ವಸ್ತುವಿನಿಂದ ನಿದ್ರಾಭಂಗವನ್ನು ರಸವತ್ತಾಗಿ ತೋರಿಸುವದು ಅಸಾಧ್ಯವೇನಲ್ಲ. ಡಿಸ್ನಿ ಸಂಸ್ಥೆಯ ‘ಡ್ರಿಪ್ ಡಿಪ್ಪಿ ಡೊನಾಲ್ಡ್’ ಎಂಬ 1948ರ ಚಿತ್ರವು ಇದಕ್ಕೆ ಸಾಕ್ಷಿ. ಅಲ್ಲಿ ಡೊನಾಲ್ಡ್ ಎಂಬ ಬಾತುಕೋಳಿಗೆ ನಳದಿಂದ ತೊಟ್ಟಿಕ್ಕುವ ಹನಿಯ ಸದ್ದಿನಿಂದ ನಿದ್ರೆಯಿಲ್ಲ. ಹನಿಯು ಹನಿಯಾಗಿಯೇ ಇರುವದು. ಅದನ್ನು ಕೇಳುವ ಕಿವಿಯು ಮಾತ್ರ ಕೆರಳುತ್ತ ಕೆರಳುತ್ತ ಹನಿಯ ಸಪ್ಪಳವನ್ನು ಗುಡುಗನ್ನಾಗಿ ಮಾಡಿಕೊಳ್ಳುವದು. ಶತ್ರುವು ನಳದಲ್ಲಿಲ್ಲ, ಸಿಟ್ಟಿನ ಡೊನಾಲ್ಡನ ತಲೆಯಲ್ಲಿದ್ದಾನೆ. ಹುಬ್ಬಳ್ಳಿ-ಧಾರವಾಡದವರಿಗಂತೂ ಈ ಚಿತ್ರದಲ್ಲಿ ಒಂದು ವಿಶೇಷ ವಿನೋದವೇ ಇದೆ. ಮಲಪ್ರಭೆಯ ನೀರು, ನೀರಸಾಗರದ ನೀರು ಎಂದು ಬಾಯಿಯಲ್ಲಿ ಹೇಳುತ್ತ, ವಾರಕ್ಕೊಮ್ಮೆ ಇಲ್ಲವೆ ಅದಕ್ಕೂ ತಡವಾಗಿ ನಳ ಬರುವದನ್ನು ಇಲ್ಲಿಯ ಓಣಿಗಳು ಬಹುಕಾಲ ಅನುಭವಿಸಿವೆ. 2008ರ ಸುಮಾರಿಗೆ ಕೆಲವು ವಾರ್ಡುಗಳಿಗೆ ಹಗಲಿರುಳೂ ನೀರು ಬರುವ ವ್ಯವಸ್ಥೆಯಾದಾಗ ಉಳಿದ ಓಣಿಗಳವರು ಅದನ್ನು ಪಕ್ಕದ ಮನೆಯ ಮದುವೆಯಂತೆ ನೋಡಿದರು. ನಡುರಾತ್ರಿಯಲ್ಲಿ “ನಳಾ ಬಂತು, ಏಳ್ರೀ” ಎಂಬ ಕೂಗಿಗೆ ಕೊಡ, ಬಕೇಟು, ಹಂಡೆಗಳೊಡನೆ ಎದ್ದು ನಿಂತ ಮಕ್ಕಳಿಗೆ ತೊಟ್ಟಿಕ್ಕುವ ನಳವು ಉಪದ್ರವವಲ್ಲ, ಶುಭಶಕುನ. ಆದರೂ ಡೊನಾಲ್ಡನನ್ನು ಕಂಡು ಅವರು ನಗಬಲ್ಲರು. ಏಕೆಂದರೆ ಸಿಟ್ಟಿನಿಂದ ತನ್ನ ನಿದ್ರೆಯನ್ನು ತಾನೇ ಕೆಡಿಸಿಕೊಳ್ಳುವ ಮನುಷ್ಯನು ಪ್ರತಿಯೊಂದು ಮನೆಯಲ್ಲಿಯೂ ಒಬ್ಬನಿರುತ್ತಾನೆ.

ಮೂರನೆಯ ಕೊರತೆಯು ಪುನರುಕ್ತಿಯದು. ಮಕ್ಕಳಿಗೆ ಪುನರುಕ್ತಿಯು ಪ್ರಿಯವಾದುದು. ಅಜ್ಜಿಯ ಕಥೆಗಳೆಲ್ಲ ಅದರ ಬಲದಿಂದಲೇ ನಿಂತಿವೆ. ಆದರೆ ಕಥೆಯಲ್ಲಿ ಅದೇ ಮಾತು ಮೂರನೆಯ ಸಲ ಬಂದಾಗ ಅದಕ್ಕೆ ಹೊಸ ತೂಕ ಬಂದಿರುತ್ತದೆ, “ಅಜ್ಜೀ, ಮುಂದ ಏನಾತು?” ಎಂದು ಕೂಸು ಮುಂದಕ್ಕೆ ಸರಿದು ಕೂಡ್ರುವದು ಅದಕ್ಕಾಗಿಯೇ. ‘ಗುಡ್ ನೈಟ್ ಎಲ್ಮರ್’ ಚಿತ್ರದಲ್ಲಿ ಐದನೆಯ ಉಪಾಯವು ಎರಡನೆಯದಕ್ಕಿಂತ ದೊಡ್ಡದಾಗಿರುವದು, ಬೇರೆಯಾಗಿರುವದಿಲ್ಲ. ಗಾತ್ರವು ಬೆಳೆದುದನ್ನು ಕಥೆಯು ಬೆಳೆಯಿತೆಂದು ನಿರ್ದೇಶಕನು ಭ್ರಮಿಸಿದನು.

ಇಷ್ಟಕ್ಕೆ ಜೋನ್ಸನನ್ನು ಅಲ್ಪನೆಂದು ತಳ್ಳಿಬಿಡಲಾಗದು. ಆಗ ಅವನಿಗೆ ಇಪ್ಪತ್ತೆಂಟು ವರ್ಷ; ನಿರ್ದೇಶಕನಾಗಿ ಎರಡೇ ವರ್ಷಗಳಾಗಿದ್ದವು. ಡಿಸ್ನಿಯವರ ಮೆಲ್ಲನೆಯ ನಡಿಗೆಯನ್ನು ಅನುಸರಿಸುತ್ತಿದ್ದ ಕಾಲವದು. ಅದೇ ಮನುಷ್ಯನು 1949ರಲ್ಲಿ ಓಟದ ಹಕ್ಕಿಯೊಂದನ್ನು ಬೆನ್ನಟ್ಟುವ ಕಾಯೋಟಿಯೆಂಬ ಹಸಿದ ತೋಳದ ಚಿತ್ರಗಳನ್ನು ಪ್ರಾರಂಭಿಸಿದನು. ಅಲ್ಲಿಯೂ ಉಪಾಯಗಳ ಮೇಲೆ ಉಪಾಯ, ಸೋಲಿನ ಮೇಲೆ ಸೋಲು, ಕಟ್ಟಡವು ಅದೇ. ಆದರೆ ಈ ಸಲ ಪ್ರಾಣಿಗೆ ಹಸಿವಿದೆ, ಹಸಿವನ್ನೂ ಮೀರಿದ ಹಟವಿದೆ. ಬಯಕೆಯೊಂದನ್ನು ಒಳಗಿಟ್ಟ ಕೂಡಲೆ ಸತ್ತ ಯಂತ್ರವು ಉಸಿರಾಡಿತು.

ಇನ್ನು ಆರದ ದೀಪ, ಬಾರದ ನಿದ್ರೆ ಎಂಬ ಇದೇ ಸಾಮಗ್ರಿಯನ್ನು ನಮ್ಮ ನಾಡಿನವರು ಹೇಗೆ ಬಳಸಿದ್ದಾರೆಂಬುದನ್ನು ನೋಡಬಹುದು. ಎ. ಕೆ. ರಾಮಾನುಜನ್ನರು ಸಂಗ್ರಹಿಸಿ 1991ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಭಾರತೀಯ ಜನಪದ ಕಥೆಗಳಲ್ಲಿ ಕನ್ನಡದ ಕಥೆಯೊಂದಿದೆ. ಒಬ್ಬ ಹೆಣ್ಣುಮಗಳಿಗೆ ಒಂದು ಕಥೆಯೂ ಒಂದು ಹಾಡೂ ಗೊತ್ತಿದ್ದವು. ಅವಳು ಅವನ್ನು ಯಾರಿಗೂ ಹೇಳಲೇ ಇಲ್ಲ. ಒಳಗೆ ಉಸಿರು ಕಟ್ಟಿದ ಕಥೆ ಹಾಡುಗಳು ಅವಳು ಮಲಗಿದ್ದಾಗ ಬಾಯಿಂದ ಹೊರಬಿದ್ದು, ಕಥೆಯು ಬಾಗಿಲಲ್ಲಿ ಒಂದು ಜೊತೆ ಕಾಲ್ಮರಿಗಳಾಗಿಯೂ ಹಾಡು ಗೂಟಕ್ಕೆ ತೂಗಿದ ಗಂಡಸಿನ ಅಂಗಿಯಾಗಿಯೂ ಮಾರ್ಪಟ್ಟವು. ಗಂಡನು ಬಂದು ಇವು ಯಾರವೆಂದು ಕೇಳಿದನು, ಅವಳಿಗೆ ತಿಳಿಯದು. ಜಗಳ ಹತ್ತಿತು. ಅವನು ಕಂಬಳಿ ತೆಗೆದುಕೊಂಡು ಹನುಮಪ್ಪನ ಗುಡಿಗೆ ಹೋಗಿ ಮಲಗಿದನು, ನಿದ್ರೆ ಬರಲಿಲ್ಲ. ಊರ ಮನೆಗಳಲ್ಲಿ ಆರಿದ ದೀಪಗಳ ಜ್ಯೋತಿಗಳೆಲ್ಲ ರಾತ್ರಿ ಆ ಗುಡಿಯಲ್ಲಿ ಕೂಡಿ ಹರಟೆ ಹೊಡೆಯುವ ವಾಡಿಕೆ. ಅಂದು ತಡವಾಗಿ ಬಂದ ಜ್ಯೋತಿಯೊಂದು, ತನ್ನ ಮನೆಯ ಗಂಡಹೆಂಡಿರು ಜಗಳವಾಡುತ್ತಿದ್ದುದರಿಂದ ತಡವಾಯಿತೆಂದು ನಡೆದುದನ್ನೆಲ್ಲ ಹೇಳಿತು. ನಿದ್ರೆ ಬಾರದ ಗಂಡನಿಗೆ ನಿಜವು ತಿಳಿಯಿತು.

ಇಲ್ಲಿಯ ಎಚ್ಚರಕ್ಕೆ ಸಂಶಯವೆಂಬ ಬೇರಿದೆ, ದೀಪಕ್ಕೆ ನಾಲಗೆಯಿದೆ, ನಿದ್ರೆಗೆಟ್ಟುದಕ್ಕೆ ಫಲವೂ ಇದೆ. ಧಾರವಾಡದ ನೀರು ಕುಡಿದು ಬೆಳೆದ ಗಿರೀಶ ಕಾರ್ನಾಡರು ಈ ಜ್ಯೋತಿಗಳನ್ನೇ ‘ನಾಗಮಂಡಲ’ ನಾಟಕದ ಪೀಠಿಕೆಗೆ ತಂದರು. 1988ರ ಆ ನಾಟಕದಲ್ಲಿ ಪಾಳುಗುಡಿಯೊಂದರಲ್ಲಿ ನಾಟಕಕಾರನೊಬ್ಬನು ಕುಳಿತಿದ್ದಾನೆ. ಆ ತಿಂಗಳಲ್ಲಿ ಒಂದು ರಾತ್ರಿಯಾದರೂ ಕಣ್ಣು ಮುಚ್ಚದೆ ಕಳೆಯದಿದ್ದರೆ ಅವನಿಗೆ ಮರಣ; ಉಳಿದಿರುವದು ಕೊನೆಯ ರಾತ್ರಿ. ಅವನ ಅಪರಾಧವಾದರೂ ಏನು? ತನ್ನ ನಾಟಕಗಳಿಂದ ಪ್ರೇಕ್ಷಕರನ್ನು ಕುರ್ಚಿಗಳಲ್ಲಿಯೇ ನಿದ್ರೆಗೆ ಕೆಡವಿದ್ದು! ಬೇಸರದ ಕೃತಿಯನ್ನು ಬರೆದವನಿಗೆ ಜಾಗರಣೆಯೇ ಶಿಕ್ಷೆಯೆಂಬ ಈ ಕಲ್ಪನೆಯು ‘ಗುಡ್ ನೈಟ್ ಎಲ್ಮರ್’ ಚಿತ್ರಕ್ಕೆ ದೂರದಿಂದ ಬರೆದ ಟೀಕೆಯಂತಿದೆ. ಅಲ್ಲಿ ಎಚ್ಚರವಿರಲು ಜೀವವೇ ಪಣ. ಆದುದರಿಂದ ನೋಡುವವರೂ ಎಚ್ಚರವಿರುತ್ತಾರೆ.

ಕಾರ್ಟೂನೆಲ್ಲಿ, ನಾಟಕವೆಲ್ಲಿ, ಮಕ್ಕಳ ವಿನೋದವನ್ನು ಇಂಥ ತಕ್ಕಡಿಯಲ್ಲಿ ತೂಗುವದು ನ್ಯಾಯವೇ ಎಂದು ಕೆಲವರು ಕೇಳಬಹುದು. ಆದರೆ ನಿದ್ರೆ ಬಾರದ ದುಃಖವನ್ನು ಮಕ್ಕಳಷ್ಟು ಬಲ್ಲವರು ಬೇರೆ ಯಾರಿದ್ದಾರೆ? ಕತ್ತಲೆಯ ಅಂಜಿಕೆ, ಗುಮ್ಮನ ಅಂಜಿಕೆ, ಅವ್ವ ಎದ್ದು ಹೋದಾಳೆಂಬ ಅಂಜಿಕೆ, ಇವು ಅವರ ರಾತ್ರಿಗಳ ನಿಜವಾದ ಸಂಗತಿಗಳು. ಪುರಂದರದಾಸರ ಕೀರ್ತನೆಯಲ್ಲಿ ಜಗದೊಡೆಯನಾದ ಕೃಷ್ಣನೇ ಗುಮ್ಮನನ್ನು ಕರೆಯಬೇಡವೆಂದು ತಾಯಿಯನ್ನು ಬೇಡಿಕೊಳ್ಳುತ್ತಾನೆ. ದೊಡ್ಡವರು ದೀಪ ಆರಿಸಲು ಹವಣಿಸುವಾಗ ಕೂಸು ದೀಪವಿರಲೆಂದು ಹಟ ಹಿಡಿಯುವದು. ಹಾಗಿರುವಾಗ ದೀಪವನ್ನು ವೈರಿಯನ್ನಾಗಿ ಮಾಡಿದ ಚಿತ್ರವು ಕೂಸಿನ ಹೃದಯಕ್ಕೆ ಹೇಗೆ ತಟ್ಟೀತು? ಮೇಲಾಗಿ ಎಲ್ಮರನ ಮನೆಯಲ್ಲಿ ಅವನನ್ನು ಕೇಳುವವರಿಲ್ಲ. ಧೃತರಾಷ್ಟ್ರನಿಗೆ ವಿದುರನಿದ್ದನು, ಕಂಬಳಿ ಹೊದ್ದವನಿಗೆ ಜ್ಯೋತಿಗಳ ಮಾತಿತ್ತು, ತೊಟ್ಟಿಲ ಕೂಸಿಗೆ ಜೋಗುಳವಿದೆ. ಎಲ್ಮರನಿಗೆ ಯಾರೂ ಇಲ್ಲ. ಅವನ ಒಂಟಿತನವನ್ನು ಚಿತ್ರವು ಗಮನಿಸುವದೂ ಇಲ್ಲ. ಕೊನೆಯಲ್ಲಿ ಅವನು ಅಳುವಾಗ ದೊಡ್ಡವರಿಗೆ ನಗೆ ಬರಬೇಕೆಂದು ಉದ್ದೇಶ. ಮಕ್ಕಳಿಗೆ ಬರುವದು ಮರುಕವೊಂದೇ. ಹಾಸ್ಯವೆಂದು ಹೊರಟುದು ಅರ್ಧ ಬೆಂದ ಕರುಣವಾಗಿ ನಿಲ್ಲುವದು.

ಹನುಮಪ್ಪನ ಗುಡಿಯ ಕಥೆಗೆ ಒಂದು ಕೊನೆಯುಂಟು. ಸಂಶಯವು ಹರಿದ ಗಂಡನು ಮನೆಗೆ ಬಂದು, ನಿನಗೆ ಗೊತ್ತಿದ್ದ ಆ ಕಥೆ ಯಾವದು, ಆ ಹಾಡು ಯಾವದು ಎಂದು ಹೆಂಡತಿಯನ್ನು ಕೇಳುತ್ತಾನೆ. ಯಾವ ಕಥೆ, ಯಾವ ಹಾಡು ಎಂದು ಅವಳು ಅವನನ್ನೇ ಕೇಳುತ್ತಾಳೆ. ಅವು ಮರೆತುಹೋಗಿವೆ. ರಾತ್ರಿಯ ಹೊತ್ತು ಕೂಸಿನ ಕೈಗೆ ಮೊಬೈಲು ಕೊಟ್ಟು ಪಕ್ಕದ ಕೋಣೆಯಲ್ಲಿ ಸುಮ್ಮನೆ ಕುಳಿತ ಅಜ್ಜಿಯರೂ ಅವ್ವಂದಿರೂ ಈ ಒಂದು ಕಥೆಯನ್ನಾದರೂ ಮರೆಯುವ ಮುಂಚೆ ಹೇಳಿಬಿಡುವದು ಒಳ್ಳೆಯದು.