ಮುಟ್ಟಿದರೆ ತೆರೆಯದ ಪರಿವಿಡಿ

ಡಲ್ಲಾಸಿನ ಉತ್ತರಕ್ಕಿರುವ ಫ್ರಿಸ್ಕೋದಲ್ಲಿ ಮಗಳ ಮನೆಗೆ ಬಂದಿದ್ದ ನಿವೃತ್ತ ಮೇಷ್ಟ್ರೊಬ್ಬರು ಕಳೆದ ಚಳಿಗಾಲದಲ್ಲಿ ತಮ್ಮ ಟ್ಯಾಬ್ಲೆಟ್ಟನ್ನು ನನ್ನ ಕೈಗಿಟ್ಟು, "ಇದರಲ್ಲಿ ಒಂಬತ್ತನೇ ಕಥೆ ಎಲ್ಲಿದೆ, ಒಂಚೂರು ಹುಡುಕಿಕೊಡಪ್ಪ" ಎಂದರು. ಆಸ್ಟಿನ್ನಿನ ಕಥೆಗಾರ್ತಿಯೊಬ್ಬರು ಬರೆದು, ತಾವೇ ಇ-ಪುಸ್ತಕ ಮಾಡಿ ಹಂಚಿದ ಸಂಕಲನ ಅದು. ಪರಿವಿಡಿಗೆ ಹೋದೆ. ಕಥೆಯ ಹೆಸರು, ಅದರ ಮುಂದೆ ಚುಕ್ಕಿಗಳ ಸಾಲು, ಕೊನೆಗೆ 97. ಮೇಷ್ಟ್ರು ಕಣ್ಣಿಗೆ ಹಿತವಾಗಲೆಂದು ಅಕ್ಷರ ದೊಡ್ಡದು ಮಾಡಿಕೊಂಡಿದ್ದರು. ಚುಕ್ಕಿಗಳು ಮುರಿದು ಎರಡು ಸಾಲಾಗಿದ್ದವು, 97 ಮಾತ್ರ ಮೂರನೇ ಸಾಲಿನಲ್ಲಿ ಒಂಟಿಯಾಗಿ ಬಿದ್ದಿತ್ತು. ಹೆಸರಿನ ಮೇಲೆ ಬೆರಳಿಟ್ಟೆ. ಏನೂ ಆಗಲಿಲ್ಲ. ಆ ಟ್ಯಾಬ್ಲೆಟ್ಟಿನಲ್ಲಿ ಆ ಪುಸ್ತಕಕ್ಕೆ ಮುದ್ರಣದ 97ನೇ ಪುಟ ಎಂಬುದೇ ಇಲ್ಲ. ಅಕ್ಷರದ ಗಾತ್ರ ಬದಲಾದಂತೆ ಪುಟಗಳ ಲೆಕ್ಕವೂ ಬದಲಾಗುತ್ತದೆ. ಹಿಂದಿನ ರಾತ್ರಿ ಮೇಷ್ಟ್ರು ಪುಟ ಸರಿಸಿ ಸರಿಸಿ ಬೆರಳು ನೋಯಿಸಿಕೊಂಡು, ಎಲ್ಲಿಗೆ ಬಂದೆ ಎಂದು ಗೊತ್ತಾಗದೆ ಮಲಗಿದ್ದರಂತೆ.

ಟೆಕ್ಸಾಸಿನ ಕನ್ನಡಿಗರಿಗೆ ಪುಸ್ತಕದ ಮೇಲೆ ಪ್ರೀತಿ ಕಡಿಮೆಯೇನಲ್ಲ. ಡಲ್ಲಾಸಿನಲ್ಲಿ ಮಲ್ಲಿಗೆ ಕನ್ನಡ ಸಂಘವಿದೆ, ಹ್ಯೂಸ್ಟನ್ನಿನಲ್ಲಿ ಕನ್ನಡ ವೃಂದ, ಆಸ್ಟಿನ್ನಿನಲ್ಲಿ ಆಸ್ಟಿನ್ ಕನ್ನಡ ಸಂಘ. 2018ರ ಅಕ್ಕ ವಿಶ್ವ ಕನ್ನಡ ಸಮ್ಮೇಳನ ನಡೆದದ್ದೂ ಡಲ್ಲಾಸಿನಲ್ಲೇ. ಆದರೆ ಊರಿಂದ ಬರುವ ಸೂಟ್‌ಕೇಸಿಗೆ 23 ಕಿಲೋ ಮಿತಿ. ಸಾರಿನ ಪುಡಿ, ಉಪ್ಪಿನಕಾಯಿ, ಚಕ್ಕುಲಿ ತುಂಬಿದ ಮೇಲೆ ಪುಸ್ತಕಕ್ಕೆ ಉಳಿಯುವ ಜಾಗ ಎಷ್ಟೆಂದು ಪ್ರತಿ ಮನೆಗೂ ಗೊತ್ತು. ಹಾಗಾಗಿ ಇಲ್ಲಿ ಬರೆಯುವವರು ಇ-ಪುಸ್ತಕಕ್ಕೆ ಒಲಿದದ್ದು ಸಹಜ, ಸರಿ ಕೂಡ. ಈ ಮೂರೂ ಊರುಗಳಿಂದ ಕೈಸೇರಿದ ಕಥೆ, ಪ್ರವಾಸಕಥನ, ಲಲಿತಪ್ರಬಂಧಗಳನ್ನು ನಾನು ಆಸೆಯಿಂದ ಓದಿದ್ದೇನೆ. ಅವುಗಳ ಸಾಹಿತ್ಯಗುಣದ ಮಾತು ಇಲ್ಲಿ ಬೇಡ. ಅವನ್ನು ಪುಸ್ತಕವಾಗಿ ಕಟ್ಟಿದ ಬಗೆ ಮಾತ್ರ ನನಗೆ ಸಂಕಟ ತಂದಿದೆ. ಬೆರಳಿಟ್ಟರೆ ತೆರೆಯುವ ಪರಿವಿಡಿ ಇರುವವು ಅವುಗಳಲ್ಲಿ ಕೆಲವೇ ಕೆಲವು.

ತಪ್ಪು ಶುರುವಾಗುವುದು ಬರಹಗಾರರು ವರ್ಡ್ ತೆರೆದ ಮೊದಲ ದಿನ. ಕಥೆಯ ಹೆಸರು ಬರೆದು, ಅದನ್ನು ದಪ್ಪ ಮಾಡಿ, ಗಾತ್ರವನ್ನು ಇಪ್ಪತ್ತಕ್ಕೇರಿಸಿ, ನಡುವಿಗೆ ತರುತ್ತಾರೆ. ಕಣ್ಣಿಗೆ ಅದು ಶೀರ್ಷಿಕೆ. ಯಂತ್ರಕ್ಕೆ ಮಾತ್ರ ಅದು ಸ್ವಲ್ಪ ದಪ್ಪಗಿರುವ ಇನ್ನೊಂದು ಸಾಲು, ಅಷ್ಟೇ. ಅದೇ ಸಾಲಿಗೆ 'ಹೆಡಿಂಗ್ 1' ಎಂಬ ಸ್ಟೈಲ್ ಹಚ್ಚಿದ್ದರೆ ಇಲ್ಲಿಂದ ಅಧ್ಯಾಯ ಶುರು ಎಂದು ಯಂತ್ರಕ್ಕೆ ತಿಳಿಯುತ್ತಿತ್ತು. ಆಮೇಲೆ ವರ್ಡ್ ತಾನೇ ಪರಿವಿಡಿ ಕಟ್ಟುತ್ತದೆ. ಲಿಬ್ರೆಆಫೀಸ್ ಆಗಲಿ ಗೂಗಲ್ ಡಾಕ್ಸ್ ಆಗಲಿ ಈಪಬ್ ಎಂಬ ಇ-ಪುಸ್ತಕದ ಕಡತ ಮಾಡಿಕೊಡುವಾಗ ಆ ಗುರುತನ್ನು ಜೊತೆಗೇ ಒಯ್ಯುತ್ತದೆ. ಕ್ಯಾಲಿಬರ್, ಸಿಗಿಲ್ ಥರದ ಉಚಿತ ತಂತ್ರಾಂಶಗಳಲ್ಲಿ ಉಳಿದ ಅಂಕುಡೊಂಕು ತಿದ್ದಬಹುದು. ಅರ್ಧ ದಿನದ ಕೆಲಸ. ವರ್ಷಗಟ್ಟಲೆ ಕೂತು ಕಥೆ ಬರೆದವರು ಈ ಅರ್ಧ ದಿನವನ್ನು ಏಕೆ ಕೊಡುವುದಿಲ್ಲ ಎಂಬುದೇ ನನ್ನ ತಕರಾರು.

ಈಪಬ್ ಎಂದರೆ ಬಿಚ್ಚಿ ನೋಡಿದವರಿಗೆ ಗೊತ್ತು: ಒಂದು ಜಿಪ್ ಗಂಟು. ಒಳಗೆ ಅಧ್ಯಾಯಗಳ ಕಡತಗಳಿರುತ್ತವೆ, ಅವು ಯಾವ ಕ್ರಮದಲ್ಲಿ ಬರಬೇಕೆಂದು ಹೇಳುವ ಪಟ್ಟಿ ಒಂದಿರುತ್ತದೆ, ಜೊತೆಗೆ ದಾರಿ ತೋರಿಸುವುದಕ್ಕೆಂದೇ ಒಂದು ಕಡತ. 2011ರಲ್ಲಿ ಬಂದ ಈಪಬ್ 3ರಲ್ಲಿ ಈ ದಾರಿಯ ಕಡತ ಇರಲೇಬೇಕು. ಪುಸ್ತಕದ ಮೊದಲ ಪುಟಗಳಲ್ಲಿ ಕಾಣುವ ಪರಿವಿಡಿ ಬೇರೆ, ಓದುವ ಆ್ಯಪಿನ ಅಂಚಿನಲ್ಲಿ ಯಾವಾಗ ಬೇಕಾದರೂ ತೆರೆದುಕೊಳ್ಳುವ ಪರಿವಿಡಿ ಬೇರೆ. ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆತ ಪುಸ್ತಕದಲ್ಲಿ, ಹನ್ನೆರಡನೇ ಅಧ್ಯಾಯದಲ್ಲಿರುವ ಓದುಗ ಮೂರನೆಯದಕ್ಕೆ ಹೋಗಬೇಕಾದರೆ ಮೊದಲು ಪುಸ್ತಕದ ಬಾಗಿಲವರೆಗೆ ಹಿಂದೆ ನಡೆಯಬೇಕು.

ಕನ್ನಡದ ಮಟ್ಟಿಗೆ ಇದರೊಳಗೆ ಇನ್ನೊಂದು ಗಂಟಿದೆ. ನಮ್ಮಲ್ಲಿ ಎಷ್ಟೋ ಹಸ್ತಪ್ರತಿಗಳು ಇವತ್ತಿಗೂ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿವೆ. 1998ರಲ್ಲಿ ಬಂದ ಬರಹ, ಅದರ ಬೆನ್ನಿಗೆ ಬಂದ ನುಡಿ, ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದನ್ನು ಮನೆಮನೆಗೆ ತಲುಪಿಸಿದವು. ಆ ಋಣ ದೊಡ್ಡದು. ಆದರೆ ಆ ಹಳೆಯ ಫಾಂಟುಗಳಲ್ಲಿ ಕೂಡಿಟ್ಟದ್ದು ಕನ್ನಡ ಅಕ್ಷರವಲ್ಲ, ಕನ್ನಡದ ವೇಷ ತೊಟ್ಟ ರೋಮನ್ ಸಂಕೇತ. ಫಾಂಟನ್ನು ಈಪಬ್ಬಿನೊಳಗೇ ಇಟ್ಟು ಕಳಿಸಿದರೆ ಪುಟದ ಮೇಲೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಅಂಚಿನ ಪರಿವಿಡಿ ತೆರೆದಾಗ ವೇಷ ಕಳಚುತ್ತದೆ. ಆ ಪಟ್ಟಿಯನ್ನು ಆ್ಯಪು ತನ್ನದೇ ಫಾಂಟಿನಲ್ಲಿ ತೋರಿಸುವುದರಿಂದ 'ಅಜ್ಜಿಯ ಮನೆ' ಇರಬೇಕಾದಲ್ಲಿ ತಲೆಯ ಮೇಲೆ ಟೋಪಿ, ಕೊಕ್ಕೆ, ಎರಡು ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಒಂದು ರಾಶಿ! ಹ್ಯೂಸ್ಟನ್ನಿನಿಂದ ಬಂದ ಒಂದು ಪ್ರವಾಸಕಥನದಲ್ಲಿ ಇದನ್ನು ಕಂಡೆ. ಆ ಪುಸ್ತಕದಲ್ಲಿ ಪದ ಹುಡುಕಿದರೆ ಸಿಗದು, ಅಂಧ ಓದುಗರ ಫೋನು ಓದಿಹೇಳಲು ಹೋದರೆ ಗೊಣಗಾಟ ಮಾತ್ರ ಕೇಳುತ್ತದೆ. ಅದಕ್ಕೇ ನಾನು ಈಗ ಯಾವ ಕನ್ನಡ ಇ-ಪುಸ್ತಕ ಬಂದರೂ ಮೊದಲು ಅಂಚಿನ ಪರಿವಿಡಿ ತೆರೆಯುತ್ತೇನೆ. ಒಳಗಿರುವುದು ಯೂನಿಕೋಡ್ ಕನ್ನಡವೋ ಬರೀ ಕನ್ನಡದ ಚಿತ್ರವೋ ಎಂಬುದು ಅಲ್ಲೇ ಗೊತ್ತಾಗಿಹೋಗುತ್ತದೆ.

ಪರಿವಿಡಿಯಿಂದೇನು, ಕಥೆ ಮುಖ್ಯವಲ್ಲವೇ ಎಂದು ಹ್ಯೂಸ್ಟನ್ನಿನ ಒಬ್ಬ ಹಿರಿಯರು ನನ್ನನ್ನು ಕೇಳಿದ್ದರು. ಅವರಿಗೆ ಆಗ ಸರಿಯಾಗಿ ಉತ್ತರ ಕೊಡಲಾಗಲಿಲ್ಲ, ಈಗ ಕೊಡುತ್ತೇನೆ. ನಮ್ಮ ಹಿಂದಿನವರು ಇದನ್ನು ಕಡೆಗಣಿಸಿದವರಲ್ಲ. ಕುಮಾರವ್ಯಾಸ ಪ್ರತಿ ಸಂಧಿಯ ತಲೆಯಲ್ಲೂ ಒಂದು ಸೂಚನೆಯ ಪದ್ಯ ಇಟ್ಟ. ಪರ್ವ, ಸಂಧಿ, ಪದ್ಯ ಎಂದು ಮೂರು ಮೆಟ್ಟಿಲು ಹೇಳಿದರೆ ಗಮಕಿ ಓಲೆಗರಿಯಲ್ಲಾಗಲಿ ಅಚ್ಚಿನ ಪುಸ್ತಕದಲ್ಲಾಗಲಿ ನೇರ ಅಲ್ಲಿಗೇ ಹೋಗಿ ನಿಲ್ಲುತ್ತಾನೆ. ಪುಟದ ಸಂಖ್ಯೆಯ ಹಂಗಿಲ್ಲದ ಈ ವಿಳಾಸ, ಪುಟವೇ ಇಲ್ಲದ ಇ-ಪುಸ್ತಕಕ್ಕೆ ಹೇಳಿ ಮಾಡಿಸಿದಂತಿದೆ. ಆ ಹಂಗು ಅಚ್ಚಿನ ಮೊದಲ ದಿನಗಳಲ್ಲೂ ಇರಲಿಲ್ಲ. ಆಸ್ಟಿನ್ನಿನ ಹ್ಯಾರಿ ರ‍್ಯಾನ್ಸಮ್ ಕೇಂದ್ರದಲ್ಲಿ ಗಾಜಿನ ಹಿಂದೆ ಗುಟೆನ್‌ಬರ್ಗ್ ಬೈಬಲ್ ಇದೆ. 1978ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯ ಕೊಂಡ ಪ್ರತಿ. ಅದರಲ್ಲಿ ಅಚ್ಚಾದ ಪುಟಸಂಖ್ಯೆ ಇಲ್ಲ, ಮುಖಪುಟವೂ ಇಲ್ಲ. ಪುಟಸಂಖ್ಯೆ ಅಚ್ಚಿನ ಪುಸ್ತಕಕ್ಕೆ ಆಮೇಲೆ ಒದಗಿಬಂದ ಅನುಕೂಲ. ಆ ಗಾಜಿನ ಮುಂದೆ ನಿಂತಾಗ ನನಗೆ ಫ್ರಿಸ್ಕೋದ ಮೇಷ್ಟ್ರ 97 ನೆನಪಾಗಿತ್ತು: ಕಾಗದಕ್ಕೆ ಹುಟ್ಟಿದ ಅನುಕೂಲವನ್ನು ಕಾಗದವಿಲ್ಲದ ಕಡೆ ಎಳೆದು ತಂದಿದ್ದೇವೆ.

ಕೆಲವು ಪುಸ್ತಕಗಳಿಗೆ ಪರಿವಿಡಿಯೊಂದೇ ಸಾಲದು ಕೂಡ. ಮಂಕುತಿಮ್ಮನ ಕಗ್ಗದಲ್ಲಿ 945 ಮುಕ್ತಕಗಳಿವೆ. ಅದಕ್ಕೆ ವ್ಯಾಖ್ಯಾನ ಬರೆದು ಇ-ಪುಸ್ತಕ ಮಾಡುವವರು ಒಂದರಿಂದ 945ರವರೆಗೆ ಸಂಖ್ಯೆಯ ಪಟ್ಟಿ ಕೊಟ್ಟು ಕೈತೊಳೆದುಕೊಂಡರೆ ಯಾರಿಗೆ ಉಪಯೋಗ? ಕಗ್ಗ ಓದುವವರಿಗೆ ನೆನಪಿರುವುದು ಮೊದಲ ಸಾಲು. ವಚನಸಂಪುಟಗಳ ಕೊನೆಗೆ ಅಕಾರಾದಿ ಕೊಡುತ್ತಿದ್ದ ಸಂಪಾದಕರು ಇದನ್ನು ಚೆನ್ನಾಗಿ ಬಲ್ಲವರು. ಆ ಅಕಾರಾದಿಯ ಒಂದೊಂದು ಸಾಲೂ ಕೊಂಡಿಯಾಗಿ, ಮುಟ್ಟಿದ ಕೂಡಲೇ ಪದ್ಯ ತೆರೆದುಕೊಂಡರೆ, ಅಚ್ಚಿನ ಪುಸ್ತಕಕ್ಕೆ ಆಗದ ಕೆಲಸವೊಂದನ್ನು ಇ-ಪುಸ್ತಕ ಮಾಡಿದಂತಾಯಿತು.

ಬರಹಗಾರರನ್ನೇ ದೂರಿದರೆ ನ್ಯಾಯವಾಗದು. ಅಮೆಜಾನಿನ ಸ್ವಪ್ರಕಾಶನ ವ್ಯವಸ್ಥೆ ಕೆಡಿಪಿ 2016ರ ಕೊನೆಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಭಾಷೆಗಳಿಗೆ ಬಾಗಿಲು ತೆರೆದಾಗ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಆ ಭಾಷೆಗಳ ಬರಹಗಾರರು ಕಿಂಡಲ್ ಪ್ರಿವ್ಯೂವರಿನಲ್ಲಿ ಪುಸ್ತಕವನ್ನು ಪರೀಕ್ಷಿಸುವುದನ್ನು, ಪರಿವಿಡಿ ಸರಿಯಿದೆಯೇ ಎಂದು ನೋಡುವುದನ್ನು ರೂಢಿಯಿಂದಲೇ ಕಲಿತರು. ನಮ್ಮವರಿಗೆ ಆ ಗರಡಿಯೇ ಸಿಗಲಿಲ್ಲ, ಪಿಡಿಎಫ್ ಮಾಡಿ ವಾಟ್ಸ್‌ಆ್ಯಪಿನಲ್ಲಿ ಹಂಚುವುದೇ ಪ್ರಕಟಣೆಯಾಯಿತು. ಪಿಡಿಎಫ್ಫಿನಲ್ಲೂ ಕೊಂಡಿ ಹಾಕಬಹುದು, ಹಾಕುವವರು ವಿರಳ. ಹಾಕಿದರೂ ಫೋನಿನಲ್ಲಿ ಸಾಲುಸಾಲಿಗೆ ಪುಟವನ್ನು ಎಡಕ್ಕೆ ಬಲಕ್ಕೆ ಎಳೆದಾಡುವ ಕಷ್ಟ ತಪ್ಪದು. ಈಗ ಗೂಗಲ್ ಪ್ಲೇ ಬುಕ್ಸ್ ಇದೆ, 2020ರಲ್ಲಿ ಶುರುವಾದ, ಕನ್ನಡ ಇ-ಪುಸ್ತಕಗಳ ಮೈಲ್ಯಾಂಗ್ ಇದೆ. ಕನ್ನಡದ ಈಪಬ್ಬಿಗೆ ಜಾಗವಿಲ್ಲ ಎಂಬ ಮಾತು ಇನ್ನು ನಡೆಯದು.

ಹಿಂದಿರುಗುವ ಕೊಂಡಿಯ ಬಗ್ಗೆ ಒಂದು ಮಾತು. ಇಲ್ಲಿ ಹುಟ್ಟಿ ಕನ್ನಡ ಕಲಿ ತರಗತಿಗೆ ಹೋಗುವ ಮಕ್ಕಳಿಗೆಂದು ಬರಹಗಾರರು 'ಹಗೇವು', 'ಕೊಟ್ಟಿಗೆ', 'ಒರಳು' ಮುಂತಾದ ಪದಗಳಿಗೆ ಪುಸ್ತಕದ ಕೊನೆಗೆ ಟಿಪ್ಪಣಿ ಕೊಡುತ್ತಾರೆ. ಒಳ್ಳೆಯ ಯೋಚನೆ. ಪದದ ಪಕ್ಕದ ಪುಟ್ಟ ಸಂಖ್ಯೆ ಮುಟ್ಟಿದರೆ ಕೊನೆಗೆ ಹೋಗುತ್ತದೆ, ಅಲ್ಲಿಂದ ಬಿಟ್ಟ ಸಾಲಿಗೆ ಮರಳಲು ಮಾತ್ರ ದಾರಿ ಇಲ್ಲ. ಹತ್ತು ವರ್ಷದ ಹುಡುಗಿ ಅಕ್ಷರ ಕೂಡಿಸಿಕೊಂಡು ಅರ್ಧ ಪುಟ ಓದಿ, ಹಗೇವು ಎಂದರೇನೆಂದು ನೋಡಲು ಹೋಗಿ ಅಲ್ಲೇ ಕಳೆದುಹೋದರೆ ಆ ಪುಸ್ತಕವನ್ನು ಅವಳು ಮತ್ತೆ ಕೈಗೆತ್ತಿಕೊಳ್ಳುವುದು ಕಷ್ಟ. ಹೋಗುವ ಕೊಂಡಿ ಹಾಕಿದವರು ಬರುವ ಕೊಂಡಿಯನ್ನೂ ಹಾಕಲೇಬೇಕು.

ಮೇಷ್ಟ್ರ ವಿಷಯವನ್ನು ಆಸ್ಟಿನ್ನಿನ ಕಥೆಗಾರ್ತಿಗೆ ಫೋನು ಮಾಡಿ ಹೇಳಿದೆ. ಅವರು ಬೇಸರಪಡಲಿಲ್ಲ. "ಅಯ್ಯೋ, ಅಷ್ಟು ವಯಸ್ಸಾದವರಿಗೆ ಹೀಗಾಯ್ತಾ? ಬನ್ನಿ, ಕೂತು ಸರಿ ಮಾಡೋಣ" ಎಂದರು. ಮೂರೂವರೆ ಗಂಟೆ ಕಾರು ಓಡಿಸಿಕೊಂಡು ಹೋದೆ. ಅವರ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಕೈಯಾರೆ ಹಾಕಿದ್ದ ಚುಕ್ಕಿಗಳನ್ನೆಲ್ಲ ಅಳಿಸಿ, ಹದಿನಾಲ್ಕು ಕಥೆಗಳ ಹೆಸರಿಗೂ ಹೆಡಿಂಗ್ ಹಚ್ಚಿ, ಭಾಷೆಯನ್ನು ಕನ್ನಡ ಎಂದು ಗುರುತಿಸಿ, ಹೊಸ ಈಪಬ್ ಮಾಡಿದೆವು. ಅದನ್ನು ಅಲ್ಲಿಂದಲೇ ಫ್ರಿಸ್ಕೋಗೆ ಕಳಿಸಿದೆವು. ಸಂಜೆ ಮೇಷ್ಟ್ರ ಫೋನು ಬಂತು: ಒಂಬತ್ತನೇ ಕಥೆ ಮುಗಿಸಿದ್ದರು, ಅದರ ಕೊನೆ ಅವಸರವಾಯಿತು ಎಂಬ ದೂರು ಅವರದು. ಸಂಕಲನದ ಕೊನೆಯಲ್ಲಿ ಟಿಪ್ಪಣಿಗಳು ಅರವತ್ತೆರಡಿವೆ, ಅವುಗಳ ಹಿಂದಿರುಗುವ ಕೊಂಡಿ ಇನ್ನೂ ಬಾಕಿ. ಅದಕ್ಕೆ ಮುಂದಿನ ಭಾನುವಾರ ಕೂರುತ್ತೇವೆ.